ಕಿಶೋರಪೋಷಣೆ: ತಾಯಿಯೊಡನಿರುವ ಕುದುರೆಮರಿಯ ವಿಷಯದಲ್ಲಿ ಪ್ರಾಚೀನರ ಮತಗಳು

ಕನ್ನಡದಲ್ಲಿ ಇಂದು ಕಿಶೋರನೆಂದರೆ ಹದಿಹರೆಯದ ಬಾಲಕನೆಂದು ಅರ್ಥ. ಅಮರಸಿಂಹನ ಕೋಶದಲ್ಲಾದರೋ ಈ ಶಬ್ದವು ಕ್ಷತ್ರಿಯವರ್ಗದೊಳಗೆ, ಅಶ್ವವಾಚಕಗಳ ನಡುವೆ, ವಡವಾಶಬ್ದದ ನೆರೆಯಲ್ಲಿಯೇ ಕಾಣಿಸುತ್ತದೆ. ಅಲ್ಲಿ ಕಿಶೋರವೆಂದರೆ ಕುದುರೆಮರಿ. ಮರಿಯ ಹೆಸರೂ ತಾಯಿಯ ಹೆಸರೂ ಒಂದೆಡೆಯಲ್ಲಿರುವುದು ಉಚಿತವೇ ಆಗಿದೆ. ಏಕೆಂದರೆ ಅಶ್ವಪೋಷಣೆಯಲ್ಲಿ ಮೊದಲ ಕೆಲವು ತಿಂಗಳು ಅವೆರಡನ್ನೂ ಬೇರೆಬೇರೆಯಾಗಿ ಎಣಿಸಲು ಸಾಧ್ಯವಿಲ್ಲ.

ಈ ಕಿಶೋರಪೋಷಣೆಯ ವಿದ್ಯೆಯು ಭಾರತೀಯರಿಗೆ, ಅದರಲ್ಲಿಯೂ ದಾಕ್ಷಿಣಾತ್ಯರಿಗೆ, ತಿಳಿದಿರಲಿಲ್ಲವೆಂಬ ಆಕ್ಷೇಪವು ಹಳೆಯದು. ಕ್ರಿ. ಶ. ೧೩ನೆಯ ಶತಮಾನದ ಕೊನೆಯಲ್ಲಿ ಪಾಂಡ್ಯರ ನಾಡಾದ ಮಾಬರ್ ದೇಶವನ್ನು ಕಂಡ ವೆನಿಸ್ ನಗರದ ಮಾರ್ಕೊ ಪೋಲೊ, ಅಲ್ಲಿನ ಅರಸರು ವರ್ಷವರ್ಷವೂ ಸಾವಿರಗಟ್ಟಲೆ ಕುದುರೆಗಳನ್ನು ಸಮುದ್ರಮಾರ್ಗವಾಗಿ ತರಿಸುವರೆಂದೂ, ಆರೈಕೆಯನ್ನರಿಯದುದರಿಂದ ಅವುಗಳಲ್ಲಿ ಬಹುಭಾಗವು ಬೇಗನೆ ಸಾಯುವುದೆಂದೂ, ಉತ್ತಮವಾದ ಗಂಡು ಹೆಣ್ಣುಗಳು ಕೂಡಿದರೂ ಸೊಟ್ಟಕಾಲಿನ ನಿರುಪಯೋಗಿಯಾದ ಮರಿಯೇ ಹುಟ್ಟುವುದೆಂದೂ ಬರೆದಿರುವನು. ವಿಜಯನಗರದ ಸಂಗತಿಯೂ ಈ ಅಭಿಪ್ರಾಯಕ್ಕೆ ಬೆಂಬಲವಾದಂತೆ ತೋರುತ್ತದೆ. ಪೋರ್ಚುಗೀಸರ ನೂನಿಜನ ಬರಹದಂತೆ, ಸಾಳುವ ನರಸಿಂಹನು ಹಡಗಿನಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೂ ಪೂರ್ಣವಾದ ಬೆಲೆಯನ್ನು ಕೊಡುತ್ತಿದ್ದನು. ಕೃಷ್ಣದೇವರಾಯನು ವರ್ಷಕ್ಕೆ ೧೩,೦೦೦ ಒರ್ಮುಜ್ ಕುದುರೆಗಳನ್ನು ಕೊಳ್ಳುತ್ತಿದ್ದನು. ಕೊಳ್ಳುವುದರಲ್ಲಿ ಇಷ್ಟು ಆತುರವಿದ್ದಲ್ಲಿ ಲಾಯದಲ್ಲಿ ಮರಿಗಳು ಸಾಕಷ್ಟು ಬೆಳೆಯುತ್ತಿರಲಿಲ್ಲವೆಂದು ಊಹಿಸುವುದು ಸಹಜವೇ. ಆದರೆ ಬೆಳೆಯದಿರುವುದು ಬೇರೆ, ಬೆಳೆಸುವ ವಿದ್ಯೆಯಿಲ್ಲದಿರುವುದು ಬೇರೆ. ಈ ಭೇದವನ್ನು ನಿರ್ಣಯಿಸಲು ಶಾಸ್ತ್ರಗ್ರಂಥಗಳನ್ನು ಪರಿಶೀಲಿಸುವುದು ಅವಶ್ಯಕ.

೧

ಇದಕ್ಕೆ ಮುಖ್ಯವಾದ ಆಧಾರವು ಕೌಟಿಲೀಯ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿರುವ ಅಶ್ವಾಧ್ಯಕ್ಷಪ್ರಕರಣ. ತಂಜಾವೂರಿನ ಕಡೆಯ ಪಂಡಿತರೊಬ್ಬರಿಂದ ಮೈಸೂರಿನ ಪ್ರಾಚ್ಯಕೋಶಾಗಾರಕ್ಕೆ ಬಂದ ಗ್ರಂಥಲಿಪಿಯ ತಾಳೆಯೋಲೆಯನ್ನು ಗುರುತಿಸಿ, ೧೯೦೯ರಲ್ಲಿ ಮೂಲವನ್ನೂ ೧೯೧೫ರಲ್ಲಿ ಇಂಗ್ಲಿಷ್ ಅನುವಾದವನ್ನೂ ಪ್ರಕಟಿಸಿದವರು ಆರ್. ಶಾಮಶಾಸ್ತ್ರಿಗಳು. ಪೋಲೊವಿನ ಆಕ್ಷೇಪಕ್ಕೆ ಉತ್ತರ ಕೊಡಬಲ್ಲ ಗ್ರಂಥವು ಹೀಗೆ ಕನ್ನಡನಾಡಿನಲ್ಲಿಯೇ ಬೆಳಕಿಗೆ ಬಂದುದು ಗಮನಾರ್ಹವಾಗಿದೆ.

ಅಶ್ವಾಧ್ಯಕ್ಷನು ಕುದುರೆಗಳನ್ನು ಅವು ಬಂದ ಬಗೆಯನ್ನನುಸರಿಸಿ ಲೆಕ್ಕದಲ್ಲಿ ಬರೆಯಿಸಬೇಕು. ಕ್ರಯಕ್ಕೆ ಬಂದವು, ಯುದ್ಧದಲ್ಲಿ ದೊರೆತವು ಮೊದಲಾದವುಗಳ ಜೊತೆಯಲ್ಲಿ ಲಾಯದಲ್ಲಿಯೇ ಹುಟ್ಟಿದವುಗಳಿಗೂ ಒಂದು ಪ್ರತ್ಯೇಕವಾದ ವರ್ಗವುಂಟು. ಈದ ಹೆಣ್ಣುಕುದುರೆಗೆ ಮೂರು ರಾತ್ರಿ ಒಂದು ಪ್ರಸ್ಥ ತುಪ್ಪವನ್ನು ಕುಡಿಸಬೇಕು. ಅನಂತರ ಹತ್ತು ರಾತ್ರಿ ಒಂದು ಪ್ರಸ್ಥ ಹಿಟ್ಟು, ಜಿಡ್ಡು ಮತ್ತು ಔಷಧ. ಆಮೇಲೆ ಬೇಯಿಸಿದ ಧಾನ್ಯ, ಹುಲ್ಲು ಮತ್ತು ಋತುವಿಗೆ ತಕ್ಕ ಆಹಾರ. ಮರಿಗೆ ಹತ್ತು ರಾತ್ರಿ ಕಳೆದ ಮೇಲೆ ನಾಲ್ಕನೆಯ ಒಂದು ಭಾಗ ತುಪ್ಪ ಕೂಡಿಸಿದ ಒಂದು ಕುಡುಬ ಹಿಟ್ಟು, ಒಂದು ಪ್ರಸ್ಥ ಹಾಲು. ಈ ಕ್ರಮ ಆರು ತಿಂಗಳವರೆಗೆ. ಅಲ್ಲಿಂದ ಮುಂದೆ ತಿಂಗಳು ತಿಂಗಳಿಗೆ ಹೆಚ್ಚಿಸುತ್ತ ಮೂರು ವರ್ಷದವರೆಗೆ ಜವೆ, ನಾಲ್ಕನೆಯ ವರ್ಷಕ್ಕೆ ಒಂದು ದ್ರೋಣ. ನಾಲ್ಕು ಅಥವಾ ಐದು ವರ್ಷದ ಕುದುರೆಯೇ ಕೆಲಸಕ್ಕೆ ಅರ್ಹ.

ಇಲ್ಲಿ ಎರಡು ಸಂದೇಹಗಳು ಹುಟ್ಟುತ್ತವೆ. ಹೆಣ್ಣುಕುದುರೆ, ಬೀಜದ ಕುದುರೆ, ಮರಿ ಈ ಮೂರನ್ನೂ ಒಂದೇ ಸಮಾಸದಲ್ಲಿ ಹೇಳಿ ಅವುಗಳಿಗೆ ಏಕಾಂತಸ್ಥಾನಗಳನ್ನು ವಿಧಿಸಿರುವುದರಿಂದ, ಮರಿಯನ್ನು ತಾಯಿಯಿಂದ ಅಗಲಿಸುತ್ತಿದ್ದರೇ ಎಂಬುದು ಮೊದಲನೆಯದು. ಪ್ರಸ್ಥಪ್ರಮಾಣದ ಹಾಲು ಯಾರ ಹಾಲೆಂಬುದು ಎರಡನೆಯದು. ಮೂಲದಲ್ಲಿ ಅದು ತಾಯಿಯದೋ ಹಸುವಿನದೋ ಹೇಳಿಲ್ಲ. ಎರಡನೆಯದನ್ನು ಬಿಡಿಸಿದರೆ ಮೊದಲನೆಯದೂ ಬಿಡುತ್ತದೆ. ಎಳೆಯ ಕುದುರೆಮರಿಯು ದಿನವೊಂದಕ್ಕೆ ತನ್ನ ದೇಹದ ತೂಕದ ಐದನೆಯ ಒಂದು ಭಾಗದಷ್ಟು ಅಥವಾ ಅದಕ್ಕಿಂತ ಹೆಚ್ಚು ಹಾಲು ಕುಡಿಯುತ್ತದೆ. ೫೦ ಕಿಲೋ ತೂಗುವ ಮರಿಗೆ ೧೦ ಲೀಟರಾದರೂ ಬೇಕು. ಪ್ರಸ್ಥವನ್ನು ಯಾವ ಮಾನದಿಂದ ಎಣಿಸಿದರೂ ಒಂದೂವರೆ ಲೀಟರನ್ನು ಮೀರದು. ಅಷ್ಟರಿಂದಲೇ ಮರಿಯು ಆರು ತಿಂಗಳು ಬದುಕಲಾರದು. ಆದುದರಿಂದ ಶಾಸ್ತ್ರವು ಹೇಳಿರುವ ಹಾಲು ಮೇಲುಹಾಲು. ತಾಯಿಯ ಮೊಲೆಯು ಮರಿಗೆ ಇದ್ದೇ ಇರುವುದೆಂಬುದು ಗ್ರಹೀತವಾದ ಸಂಗತಿ. ನಾಲ್ಕು ವರ್ಷದವರೆಗಿನ ಆಹಾರವನ್ನೂ ಕಿಶೋರದ ಹೆಸರಿನಲ್ಲಿಯೇ ಹೇಳಿರುವುದರಿಂದ, ಏಕಾಂತಸ್ಥಾನವು ಹಾಲು ಬಿಟ್ಟ ಮರಿಗಳಿಗೆ ಸಲ್ಲತಕ್ಕದ್ದೆಂದು ತಿಳಿಯುವುದು ಯುಕ್ತ.

೨

ಅರ್ಥಶಾಸ್ತ್ರವು ಮರಿಯನ್ನು ಹೊರಗೆ ಬಿಡುವ ಮಾತನ್ನೂ ಮನುಷ್ಯನ ಕೈಗೆ ರೂಢಿಮಾಡುವ ಮಾತನ್ನೂ ಆಡಿಲ್ಲ. ಈ ಎರಡನ್ನೂ ವಿವರಿಸಿದವರು ರೋಮಕರು. ಅರ್ಥಶಾಸ್ತ್ರದ ಕಾಲವು ಮೌರ್ಯಯುಗವೆಂಬುದು ಮೊದಲಿನ ನಂಬಿಕೆ. ಕ್ರಿಸ್ತಶಕಾರಂಭದ ಆಸುಪಾಸಿನ ಶತಮಾನಗಳಲ್ಲಿ ಅದು ರೂಪುಗೊಂಡಿತೆಂಬ ಪಕ್ಷವು ಇಂದಿನ ವಿದ್ವಾಂಸರಲ್ಲಿ ಬಲವಾಗಿದೆ. ಈ ಪಕ್ಷವನ್ನು ಒಪ್ಪಿದರೆ ಆ ರೋಮಕರೂ ಕೌಟಿಲೀಯಕಾರನೂ ಕಾಲದಲ್ಲಿ ಬಹುದೂರದವರಲ್ಲ.

ವರ್ರೋ ಎಂಬ ಪಂಡಿತನು ಕ್ರಿ. ಪೂ. ೩೭ರಲ್ಲಿ, ತನ್ನ ೮೦ನೆಯ ವಯಸ್ಸಿನಲ್ಲಿ, ಕೃಷಿಯನ್ನು ಕುರಿತು ಬರೆದ ಗ್ರಂಥದ ಎರಡನೆಯ ಭಾಗದಲ್ಲಿ ಪಶುಪಾಲನೆಯನ್ನು ಹೇಳಿರುವನು. ಹತ್ತು ದಿನವಾದ ಮರಿಯನ್ನು ತಾಯಿಯೊಡನೆ ಮೇವಿಗೆ ಹೊರಡಿಸಬೇಕು. ಇಲ್ಲವಾದರೆ ಲಾಯದ ಲದ್ದಿಯು ಎಳೆಯ ಗೊರಸನ್ನು ಸುಡುವುದು. ಐದನೆಯ ತಿಂಗಳಲ್ಲಿ, ಲಾಯಕ್ಕೆ ಕರೆತಂದಾಗ, ತೌಡಿನೊಡನೆ ಬೀಸಿದ ಜವೆಯ ಹಿಟ್ಟನ್ನು ಮುಂದಿಡಬೇಕು. ಎರಡು ವರ್ಷ ತುಂಬುವುದಕ್ಕೆ ಮೊದಲು ಹಾಲು ಬಿಡಿಸಬಾರದು. ತಾಯಿಯ ಬಳಿ ನಿಂತಿರುವಾಗಲೇ ಮರಿಯನ್ನು ಆಗಾಗ ಕೈಯಿಂದ ಮುಟ್ಟುತ್ತಿರಬೇಕು. ಹಾಗೆ ಮಾಡಿದರೆ ಅಗಲಿಸಿದಾಗ ಬೆದರುವುದಿಲ್ಲ. ಕಡಿವಾಣಗಳನ್ನು ಅಲ್ಲಿಯೇ ತೂಗುಹಾಕಬೇಕು. ಅವುಗಳ ರೂಪಕ್ಕೂ ಸದ್ದಿಗೂ ಮರಿಯ ಕಣ್ಣು ಕಿವಿಗಳು ಪಳಗುವುವು.

ಒಂದು ಶತಮಾನದ ಅನಂತರ ಸ್ಪೇನ್ ದೇಶದ ಗಾದೆಸ್ ಪಟ್ಟಣದ ಕೊಲುಮೆಲ್ಲನು ಇದೇ ವಿಷಯವನ್ನೆತ್ತಿಕೊಂಡು, ಒಂದು ಅಂಶದಲ್ಲಿ ತೀರ ವಿರುದ್ಧವಾಗಿ ನುಡಿದನು. ಹುಟ್ಟಿದ ಮರಿಯನ್ನು ಕೈಯಿಂದ ಮುಟ್ಟಲೇಬಾರದು. ಅತ್ಯಲ್ಪವಾದ ಸ್ಪರ್ಶದಿಂದಲೂ ಅದಕ್ಕೆ ಹಾನಿಯುಂಟು. ಚಳಿ ತಗಲದಂತೆಯೂ, ಇಕ್ಕಟ್ಟಿನಲ್ಲಿ ತಾಯಿಯೇ ತುಳಿಯದಂತೆಯೂ, ವಿಶಾಲವೂ ಬೆಚ್ಚಗೂ ಇರುವ ಸ್ಥಳದಲ್ಲಿ ತಾಯಿಯೊಡನೆ ಇರಿಸಬೇಕು. ಮೆಲ್ಲಮೆಲ್ಲನೆ ಹೊರಗೆ ತರಬೇಕು. ಲದ್ದಿಯಿಂದ ಗೊರಸು ಸುಡದಂತೆ ನೋಡಬೇಕು. ಬಲ ಬಂದೊಡನೆ ತಾಯಿ ಮೇಯುವ ಹುಲ್ಲುಗಾವಲಿಗೇ ಬಿಡಬೇಕು. ಇಲ್ಲದಿದ್ದರೆ ತಾಯಿಯು ಮರಿಯ ಹಂಬಲದಿಂದ ಕೊರಗುವುದು. ಉತ್ತಮಜಾತಿಯ ಹೆಣ್ಣುಕುದುರೆಗೆ ವರ್ಷ ಬಿಟ್ಟು ವರ್ಷ ಗರ್ಭವಾಗಲಿ, ಮರಿಯು ತಾಯಿಯ ಹಾಲಿನಿಂದ ಪುಷ್ಟವಾಗಲಿ ಎಂದೂ ಆತನ ಮತ.

ಇವರಿಗಿಂತ ಹಿಂದೆ, ಕ್ರಿ. ಪೂ. ೪ನೆಯ ಶತಮಾನದಲ್ಲಿ, ಗ್ರೀಕರ ಕ್ಸೆನೊಫನ್ ಈ ವಿಷಯದ ತತ್ತ್ವವನ್ನು ಹೇಳಿದ್ದನು. ಹಸಿವು, ಬಾಯಾರಿಕೆ, ನೊಣದ ಕಾಟ ಇವು ಮರಿಗೆ ಒಂಟಿತನದಲ್ಲಿ ಬರಲಿ. ಮೇವು, ನೀರು, ಉಪಶಮನ ಇವು ಮನುಷ್ಯನಿಂದ ಬರಲಿ. ಹಾಗಾದರೆ ಮರಿಯು ಮನುಷ್ಯನನ್ನು ಸಹಿಸುವುದಷ್ಟೇ ಅಲ್ಲ, ಬಯಸುವುದು.

೩

ಈ ಮತಗಳನ್ನು ಹೋಲಿಸಿದಾಗ ಮೊದಲು ಕಾಣುವುದು ಹತ್ತು ದಿನದ ಅವಧಿ. ಕೌಟಿಲೀಯವೂ ವರ್ರೋ ಗ್ರಂಥವೂ ಅದನ್ನೇ ಹೇಳುತ್ತವೆ. ನಮ್ಮಲ್ಲಿ ದಶರಾತ್ರವು ಸೂತಕದ ಸಂಖ್ಯೆಯಾದುದರಿಂದ ಅಲ್ಲಿಂದ ಬಂದಿರಬಹುದೆಂದು ಹೇಳಲು ಅವಕಾಶವಿದೆ. ಆದರೆ ರೋಮಕನಿಗೆ ಆ ಸೂತಕವಿಲ್ಲ. ಒಬ್ಬರಿಂದ ಒಬ್ಬರು ಪಡೆದರೆಂಬುದಕ್ಕೂ ಸಾಕ್ಷ್ಯವಿಲ್ಲ. ಈದ ಹೆಣ್ಣುಕುದುರೆಯು ಸುಮಾರು ಹತ್ತನೆಯ ದಿನದ ಹೊತ್ತಿಗೆ ಮತ್ತೆ ಋತುಮತಿಯಾಗುವುದನ್ನೂ, ಆ ವೇಳೆಗೆ ಮರಿಯ ಹೆಜ್ಜೆ ಗಟ್ಟಿಯಾಗುವುದನ್ನೂ ಲಾಯದವರು ಎಲ್ಲೆಡೆಯಲ್ಲಿಯೂ ಕಂಡಿದ್ದರು. ಇಬ್ಬರಿಗೂ ಪ್ರಕೃತಿಯೇ ಗುರುವಾಯಿತೆಂದು ತಿಳಿಯುವುದು ಲಘುವಾದ ಮಾರ್ಗ.

ಆ ಹತ್ತನೆಯ ದಿನ ಮಾಡತಕ್ಕ ಕೆಲಸವು ಮಾತ್ರ ಬೇರೆಬೇರೆ. ರೋಮಕನು ಬಾಗಿಲನ್ನು ತೆರೆಯುತ್ತಾನೆ. ಕೌಟಿಲ್ಯನು ಕುಡುಬವನ್ನು ಅಳೆಯುತ್ತಾನೆ. ವರ್ರೋ, ಕೊಲುಮೆಲ್ಲ ಇಬ್ಬರೂ ಭೂಸ್ವಾಮಿಗಳು. ತಮ್ಮಂಥ ಒಕ್ಕಲಿಗರಿಗಾಗಿ ಬರೆದರು. ಅಶ್ವಾಧ್ಯಕ್ಷಪ್ರಕರಣವು ರಾಜಕೋಶದಿಂದ ತುಪ್ಪ ಹಿಟ್ಟುಗಳನ್ನು ಪಡೆಯುವ ಅಧಿಕಾರಿಗೆ ಬರೆದ ನಿಯಮ. ಹುಲ್ಲಿನ ಮೇಲೆ ಓಡುವ ಮರಿಗೆ ಕೋಶದಿಂದ ವೆಚ್ಚವಿಲ್ಲ. ಸವರುವ ಕೈಗೆ ಅಳತೆಯಿಲ್ಲ. ವೆಚ್ಚವೂ ಅಳತೆಯೂ ಇಲ್ಲದ ಕೆಲಸವು ಲೆಕ್ಕದ ಗ್ರಂಥದಲ್ಲಿ ಬಾರದಿರುವುದರಿಂದ ಅದು ತಿಳಿದಿರಲಿಲ್ಲವೆಂದು ಸಾಧಿಸಲಾಗದು.

ಇನ್ನು ಮುಟ್ಟಬೇಕೋ ಮುಟ್ಟಬಾರದೋ ಎಂಬ ರೋಮಕರ ವಿವಾದ. ನವೀನರ ಪರೀಕ್ಷೆಯು ಇಬ್ಬರಿಗೂ ಪಾಲು ಕೊಟ್ಟಿದೆ. ಮರಿಗೆ ರೋಗನಿರೋಧಕಶಕ್ತಿಯು ಗರ್ಭದಲ್ಲಿ ಬರದೆ ಮೊದಲ ದಿನದ ಗಿಣ್ಣುಹಾಲಿನಿಂದಲೇ ಬರುವುದರಿಂದ, ಆ ಹೊತ್ತಿನಲ್ಲಿ ತಾಯಿಮರಿಗಳ ನಡುವೆ ಅನಾವಶ್ಯಕವಾಗಿ ಕೈಹಾಕಬಾರದೆಂಬುದು ಕೊಲುಮೆಲ್ಲನ ಕಡೆಯ ನ್ಯಾಯ. ೨೦೦೫ರಲ್ಲಿ ಫ್ರಾನ್ಸಿನ ಸಂಶೋಧಕರು ಪ್ರಕಟಿಸಿದ ಪರೀಕ್ಷೆಯಲ್ಲಿ, ಮೊದಲ ಐದು ದಿನ ಮರಿಯ ಕಣ್ಣೆದುರಿಗೆ ತಾಯಿಯನ್ನು ಮಾತ್ರ ಮೆಲ್ಲನೆ ಉಜ್ಜಿ ಕೈಯಿಂದ ಮೇವು ತಿನ್ನಿಸಿದರು. ಆ ಮರಿಗಳು ಉಳಿದವುಗಳಿಗಿಂತ ಬೇಗನೆ ಮನುಷ್ಯನನ್ನು ಹತ್ತಿರಕ್ಕೆ ಬರಗೊಟ್ಟವು. ಒಂದು ವರ್ಷದ ಪ್ರಾಯದಲ್ಲಿಯೂ ಆ ಗುಣವು ಉಳಿದಿತ್ತು. ತಾಯಿಯ ಬಳಿ ಇರುವಾಗಲೇ ರೂಢಿಮಾಡಬೇಕೆಂಬ ವರ್ರೋವಿನ ಮಾತಿನ ಸಾರವು ಇದೇ. ಮರಿಗೆ ಹೋಗುವ ದಾರಿಯು ತಾಯಿಯ ಮೂಲಕ.

೪

ಪೋಲೊವಿನ ಆಕ್ಷೇಪವನ್ನು ಈಗ ತೂಗಬಹುದು. ಭಾರತೀಯರಿಗೆ ಕಿಶೋರಪೋಷಣೆಯು ತಿಳಿಯದೆಂಬುದು ನಿಲ್ಲುವುದಿಲ್ಲ; ಈದ ಕುದುರೆಗೂ ಹತ್ತು ದಿನದ ಮರಿಗೂ ಇಷ್ಟು ಸೂಕ್ಷ್ಮವಾಗಿ ಆಹಾರವನ್ನು ಗೊತ್ತುಮಾಡಿದ ಶಾಸ್ತ್ರವು ಅನುಭವವಿಲ್ಲದೆ ಹುಟ್ಟಲಾರದು. ಆದರೂ ಆತನು ಕಂಡ ಸೊಟ್ಟಕಾಲಿನ ಮರಿಯನ್ನು ಸುಳ್ಳೆಂದು ತಳ್ಳಿಹಾಕುವುದು ನ್ಯಾಯವಲ್ಲ. ಶಾಸ್ತ್ರದಲ್ಲಿ ಪಡಿಯ ಲೆಕ್ಕವು ಉಳಿಯಿತು. ಹುಲ್ಲುಗಾವಲನ್ನೂ ಕೈಯ ನಯವನ್ನೂ ಬಲ್ಲವನು ಲಾಯದ ಆಳು, ಅವನು ಬರೆಯಲಿಲ್ಲ. ಅವನ ವಿದ್ಯೆಯು ಅವನೊಡನೆಯೇ ಇತ್ತು. ಪರದೇಶದಿಂದ ಬೆಳೆದ ಕುದುರೆಯನ್ನೇ ಕೊಳ್ಳುವ ರೂಢಿ ಬಲಿತಲ್ಲಿ ಆ ವಿದ್ಯೆಗೆ ಕೆಲಸವು ಕಡಿಮೆಯಾಗಿರಬೇಕು. ಗ್ರಂಥಗಳನ್ನು ಓದುವವರು ಬರೆದ ಮಾತಿನೊಡನೆ, ಬರೆಯುವ ಅಗತ್ಯವಿಲ್ಲವೆಂದು ಬಿಟ್ಟ ಮಾತನ್ನೂ ಎಣಿಸಬೇಕಾಗುತ್ತದೆ. ಅಶ್ವಾಧ್ಯಕ್ಷಪ್ರಕರಣದಲ್ಲಿ ಹಾಗೆ ಬಿಟ್ಟುಹೋದ ಮಾತು ತಾಯಿಯ ಹಾಲು; ಆ ಒಂದು ಪ್ರಸ್ಥದ ಲೆಕ್ಕದಿಂದಲೇ ಅದು ಮತ್ತೆ ದೊರೆಯುತ್ತದೆ.