ಜೋಡಿ ಕಟ್ಟುವ ಕೈ

ಮೈಸೂರು ದಸರಾ ಕುಸ್ತಿಗೆ ಮೊದಲು ಜೋಡಿ ಕಟ್ಟುವ ಕಾರ್ಯಕ್ರಮ ನಡೆಯುತ್ತದೆ. ಪೈಲ್ವಾನರು ಬಂದು ನಿಲ್ಲುತ್ತಾರೆ. ವಸ್ತಾದರು ತೂಕ, ಮೈಕಟ್ಟು ನೋಡಿ, ಹಿಂದಿನ ಕುಸ್ತಿಗಳನ್ನು ನೆನೆದು, ಇವರಿಗೆ ಇವರೇ ಸರಿ ಎಂದು ಜೋಡಿ ಗೊತ್ತುಮಾಡುತ್ತಾರೆ. ಯಾರು ಯಾರ ಎದುರು ನಿಲ್ಲಬೇಕು, ಎಷ್ಟು ಹೊತ್ತು, ಎಷ್ಟು ದುಡ್ಡಿಗೆ ಎಂಬುದು ಅಖಾಡಕ್ಕೆ ಇಳಿಯುವ ಮೊದಲೇ ಇತ್ಯರ್ಥವಾಗಿರುತ್ತದೆ. ಹೆಣ್ಣುಮಕ್ಕಳ ಕುಸ್ತಿಯ ಚರಿತ್ರೆಯಲ್ಲಿ ಎಲ್ಲಿ ಕೈಯಿಟ್ಟರೂ ಎದುರಾಗುವುದು ಇದೇ ಸಂಗತಿ. ಅವರ ಜೋಡಿ ಕಟ್ಟಿದ ಕೈ ಬಹುಕಾಲ ಅವರದಾಗಿರಲಿಲ್ಲ. ಅದು ಅವರದಾದ ಕಡೆಯಲ್ಲೆಲ್ಲ ಕುಸ್ತಿಯ ಗುಣವೇ ಬದಲಾಗಿದೆ.

ಇದನ್ನು ಬರೆಯುತ್ತಿರುವುದು ಕುವೈತಿನ ಮೀನಾ ಅಬ್ದುಲ್ಲಾದಿಂದ. 1958ರಲ್ಲಿ ಶುರುವಾದ ತೈಲ ಸಂಸ್ಕರಣಾಗಾರ, ಅದರ ಆಸುಪಾಸು ಗೋದಾಮು, ವರ್ಕ್‌ಶಾಪು, ಕಾರ್ಮಿಕರ ಕ್ಯಾಂಪು. ಊರು ಅಂದರೆ ಇಷ್ಟೇ. ಇಲ್ಲಿ ಕುಸ್ತಿಯ ಹುಚ್ಚಿಗೆ ಕೊರತೆಯಿಲ್ಲ. ಶುಕ್ರವಾರ ರಜೆಯ ದಿನ ಟಿವಿಯಲ್ಲಿ ಅಮೆರಿಕದ ಕುಸ್ತಿ ಕಂಪನಿ ಡಬ್ಲ್ಯುಡಬ್ಲ್ಯುಇಯ ಪಂದ್ಯ ಹಾಕಿದರೆ ಉಡುಪಿಯವರು, ಬೀದರಿನವರು, ಈಜಿಪ್ತಿನವರು ಒಟ್ಟಿಗೆ ಕೂತು ನೋಡುತ್ತಾರೆ. ತೊಂಬತ್ತರ ದಶಕದಲ್ಲಿ ಅಮೆರಿಕದ ವೃತ್ತಿ ಕುಸ್ತಿಪಟುಗಳು ಕುವೈತಿಗೇ ಬಂದು ಆಡಿಹೋಗಿದ್ದಾರೆ. 1997ರಲ್ಲಿ ಕುವೈತ್ ಟಿವಿಯ ಬೆಳಗಿನ ಕಾರ್ಯಕ್ರಮದಲ್ಲಿ ನಿರೂಪಕರೊಬ್ಬರು, ನಿಮ್ಮ ಕುಸ್ತಿ ಬರೀ ನಾಟಕವೇ ಎಂದು ಕೇಳಿದ್ದಕ್ಕೆ ವೇಡರ್ ಎಂಬ ದೈತ್ಯ ಅವರ ಟೈ ಹಿಡಿದೆಳೆದು ಮೇಜು ಉರುಳಿಸಿದ್ದು ಆಗ ದೊಡ್ಡ ಸುದ್ದಿ.

ಆ ನಿರೂಪಕರ ಪ್ರಶ್ನೆಗೆ ಕನ್ನಡಿಗರು ಸಿಟ್ಟಿಲ್ಲದೆ ಉತ್ತರ ಹೇಳಬಲ್ಲರು. ಗದಾಯುದ್ಧ ಪ್ರಸಂಗದಲ್ಲಿ ಕೌರವನ ತೊಡೆ ಮುರಿಯುತ್ತದೆ ಎಂದು ಗೊತ್ತಿದ್ದೇ ನಾವು ಬೆಳಗಾಗುವವರೆಗೆ ಚಾಪೆ ಬಿಟ್ಟು ಏಳುವುದಿಲ್ಲ. ಯಾರು ಗೆಲ್ಲಬೇಕೆಂಬುದು ವೃತ್ತಿ ಕುಸ್ತಿಯಲ್ಲಿ ಮೊದಲೇ ತೀರ್ಮಾನವಾಗಿರುತ್ತದೆ, ನಿಜ. ಬೀಳುವ ಮೈ ಮಾತ್ರ ನಿಜವಾಗಿಯೇ ಬೀಳುತ್ತದೆ. ರಿಂಗಿನ ಕೆಳಗೆ ಉಕ್ಕಿನ ತೊಲೆ, ಅದರ ಮೇಲೆ ಮರದ ಹಲಗೆ, ಹಲಗೆಯ ಮೇಲೆ ತೆಳ್ಳನೆಯ ಫೋಮು, ಮೇಲೊಂದು ಕ್ಯಾನ್ವಾಸು. ಹೊಸಬರು ಕಲಿಯುವ ಮೊದಲ ಪಾಠ ಬೀಳುವುದು, ಅವರ ಭಾಷೆಯಲ್ಲಿ ಬಂಪ್ ತೆಗೆದುಕೊಳ್ಳುವುದು. ಗದ್ದವನ್ನು ಎದೆಗೆ ಒತ್ತಿಕೊಂಡು, ಉಸಿರು ಹೊರಗೆ ಬಿಟ್ಟು, ಬೆನ್ನಿನ ಮೇಲ್ಭಾಗ ಅಗಲವಾಗಿ ನೆಲ ಮುಟ್ಟುವಂತೆ ಬೀಳಬೇಕು. ಅದೇ ಕ್ಷಣಕ್ಕೆ ಎರಡೂ ತೋಳಿನಿಂದ ಕ್ಯಾನ್ವಾಸನ್ನು ಬಡಿಯಬೇಕು. ಗದ್ದ ಎತ್ತಿದರೆ ತಲೆಯ ಹಿಂಭಾಗ ಹಲಗೆಗೆ ಬಡಿಯುತ್ತದೆ. ಎದುರಾಳಿಯ ಕುತ್ತಿಗೆಯನ್ನು ಕಾಯುವ ಹೊಣೆಯೂ ಎತ್ತಿ ಒಗೆದವರದೇ.

ಹೆಣ್ಣುಮಕ್ಕಳು ಜನರೆದುರು ಸೆಣಸುವುದು ನಮ್ಮ ಸೀಮೆಗೆ ಹೊಸದಲ್ಲ. 16ನೇ ಶತಮಾನದಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸರಾದ ಪಾಯಸ್ ಮತ್ತು ನೂನಿಜ್ ಇಬ್ಬರೂ ಅರಮನೆಯ ಹೆಂಗಸರಲ್ಲಿ ಕುಸ್ತಿ ಆಡುವವರಿದ್ದರೆಂದು ಬರೆದಿದ್ದಾರೆ. ತಂದೆಯ ಸಾವಿಗೆ ಸೇಡು ತೀರಿಸಿಕೊಂಡ ಹರಿಯಕ್ಕನೆಂಬ ಜಟ್ಟಿ ಹೆಣ್ಣಿನ ಹೆಸರು 1446ರ ಶಾಸನದಲ್ಲಿದೆ. ಇದರಾಚೆಗೆ ಸಿಗುವ ಎಳೆಗಳು ತೀರ ಕಡಿಮೆ.

ಕಣ್ಣು ನಿಲ್ಲಬೇಕಾದ ವರ್ಷ 1954. ಆ ವರ್ಷದ ಆರಂಭದಲ್ಲಿ ಉತ್ತರ ಭಾರತದ ಹಮೀದಾ ಬಾನು, ತನ್ನನ್ನು ಕುಸ್ತಿಯಲ್ಲಿ ಸೋಲಿಸಿದವನನ್ನು ಮದುವೆಯಾಗುತ್ತೇನೆ ಎಂದು ಗಂಡಸರಿಗೆ ಪಂಥ ಒಡ್ಡಿದರು. ಎತ್ತರ 5 ಅಡಿ 3 ಅಂಗುಲ, ತೂಕ 108 ಕಿಲೋ. ಮೇ ತಿಂಗಳಲ್ಲಿ ಬಾಬಾ ಪೈಲ್ವಾನರನ್ನು ಅವರು ಚಿತ್ ಮಾಡಿದ್ದು 1 ನಿಮಿಷ 34 ಸೆಕೆಂಡಿನಲ್ಲಿ. ಅದೇ ವರ್ಷ ಮುಂಬೈಯಲ್ಲಿ ರಷ್ಯಾದ ವೆರಾ ಚಿಸ್ಟಿಲಿನ್ ಅವರನ್ನು ಒಂದು ನಿಮಿಷದೊಳಗೇ ಮಣಿಸಿದರು. ದಿನಕ್ಕೆ ಎಷ್ಟು ಲೀಟರು ಹಾಲು, ಎಷ್ಟು ಮಟನ್ನು, ಎಷ್ಟು ಬಾದಾಮಿ ಎಂದು ಪತ್ರಿಕೆಗಳು ಪಟ್ಟಿ ಕೊಟ್ಟವು. ಕೊಲ್ಹಾಪುರದಲ್ಲಿ ಗಂಡಸೊಬ್ಬ ಸೋತಾಗ ಜನ ರೊಚ್ಚಿಗೆದ್ದು ಕೂಗಾಡಿದರು. ಮಹಾರಾಷ್ಟ್ರದಲ್ಲಿ ರಾಮಚಂದ್ರ ಸಾಲುಂಖೆ ಜೊತೆಗಿನ ಕುಸ್ತಿ ಸ್ಥಳೀಯ ಕುಸ್ತಿ ಸಂಘದ ವಿರೋಧದಿಂದ ರದ್ದಾಯಿತು. ಹಮೀದಾ ದೂರು ಒಯ್ದದ್ದು ಮುಖ್ಯಮಂತ್ರಿ ಮೊರಾರ್ಜಿ ದೇಸಾಯಿಯವರ ಬಳಿಗೆ. ಹೆಣ್ಣು ಎಂಬ ಕಾರಣಕ್ಕೆ ಕುಸ್ತಿ ನಿಲ್ಲಿಸಿಲ್ಲ, ಸಂಘಟಕರು ಆಕೆಯೆದುರು ಸೋಲಲೆಂದೇ ಬರುವ ಡಮ್ಮಿಗಳನ್ನು ನಿಲ್ಲಿಸುತ್ತಿದ್ದಾರೆಂಬ ದೂರಿದೆ ಎಂಬುದು ಅವರ ಉತ್ತರವಾಗಿತ್ತು.

ಡಮ್ಮಿ ಕುಸ್ತಿ ಆ ಕಾಲದಲ್ಲಿ ಧಾರಾಳವಾಗಿತ್ತು, ಗಂಡಸರ ಅಖಾಡದಲ್ಲೂ ಇತ್ತು. ಆದರೆ ಅನುಮಾನ ಬಂದಾಗ ಬಾಗಿಲು ಮುಚ್ಚಿದ್ದು ಒಬ್ಬ ಹೆಂಗಸಿಗೆ. ಮುಂದಿನದು ಇನ್ನೂ ಕಹಿ. ಯುರೋಪಿಗೆ ಹೋಗಬೇಕೆಂದು ಹೊರಟಾಗ ಅವರ ಗುರು ಸಲಾಂ ಪೈಲ್ವಾನ್ ಬಡಿದು ಕೈ ಮುರಿದರು ಎಂದು ಮೊಮ್ಮಗ ಬಿಬಿಸಿಗೆ ಹೇಳಿದ್ದಾರೆ. ಕಲ್ಯಾಣದಲ್ಲಿ ಹಾಲು ಮಾರಿ, ಕೈ ಸಾಗದಾಗ ರಸ್ತೆ ಬದಿಯಲ್ಲಿ ತಿಂಡಿ ಮಾರಿ ಬದುಕಿದ ಹಮೀದಾ 1986ರಲ್ಲಿ ತೀರಿಕೊಂಡರು. 2024ರ ಮೇ 4ರಂದು ಗೂಗಲ್ ತನ್ನ ಮುಖಪುಟದಲ್ಲಿ ಅವರ ಚಿತ್ರ ಹಾಕಿದಾಗಲೇ ನಮ್ಮಲ್ಲಿ ಬಹಳಷ್ಟು ಜನ ಆ ಹೆಸರು ಮೊದಲ ಸಲ ಕೇಳಿದ್ದು. ಇಂಥ ಬಾಳಿಗೆ, ಸತ್ತು ಸುಮಾರು ನಲವತ್ತು ವರ್ಷವಾದ ಮೇಲೆ ಸಂದ ಮರ್ಯಾದೆ ನನಗೆ ಸಾಲದೆನ್ನಿಸುತ್ತದೆ.

ಅದೇ 1954ರ ಆಗಸ್ಟಿನಲ್ಲಿ ಅಮೆರಿಕದ ಅಟ್ಲಾಂಟಾದಲ್ಲಿ ಮಿಲ್ಡ್ರೆಡ್ ಬರ್ಕ್ ಕಣಕ್ಕಿಳಿದರು. ಜಾತ್ರೆಗಳಲ್ಲಿ ಗಂಡಸರೊಂದಿಗೆ ಸೆಣಸಿ ಮೇಲೆ ಬಂದ ಆಕೆ 1937ರಿಂದ ಚಾಂಪಿಯನ್. ಗಂಡ ಬಿಲ್ಲಿ ವೂಲ್ಫ್ ಆಕೆಯ ಮ್ಯಾನೇಜರೂ ಹೌದು, ಅಮೆರಿಕದ ಬಹುಪಾಲು ಕುಸ್ತಿ ಹೆಣ್ಣುಮಕ್ಕಳ ಜೋಡಿ ಕಟ್ಟುವವನೂ ಹೌದು. ದಾಂಪತ್ಯ ಮುರಿದುಬಿದ್ದ ಮೇಲೆ ಅವನು ತನ್ನ ಸೊಸೆ ಜೂನ್ ಬೈಯರ್ಸ್‌ಳನ್ನು ಎದುರು ನಿಲ್ಲಿಸಿದ. ಮೊದಲೇ ಗೊತ್ತುಮಾಡಿಕೊಂಡ ಆಟ ಅದಾಗಿರಲಿಲ್ಲ. ಇಬ್ಬರೂ ನಿಜವಾಗಿಯೇ ಕಾದಾಡಿದರು. ಮೊದಲ ಸುತ್ತು ಬೈಯರ್ಸ್‌ಗೆ ಹೋಯಿತು, ಎರಡನೆಯದು ಇತ್ಯರ್ಥವಾಗದೆ ಪಂದ್ಯ ನಿಂತಿತು, ಆದರೂ ಬೈಯರ್ಸ್ ಗೆದ್ದಳೆಂದು ಸಾರಲಾಯಿತು. ಬರ್ಕ್ ಕೈಕಟ್ಟಿ ಕೂರಲಿಲ್ಲ. ತಮ್ಮದೇ ಸಂಸ್ಥೆ ಕಟ್ಟಿದರು, ನವೆಂಬರಿನಲ್ಲಿ ಜಪಾನಿಗೆ ಹೋಗಿ ಅಲ್ಲಿನ ಜನರಿಗೆ ಹೆಂಗಸರ ಕುಸ್ತಿಯ ರುಚಿ ಹತ್ತಿಸಿದರು. ಅವರ ಸಂಸ್ಥೆಯ ಬೆಲ್ಟೇ ಮುಂದೆ ಜಪಾನಿನ ಹೆಣ್ಣು ಕುಸ್ತಿಯ ಅತಿ ದೊಡ್ಡ ಬೆಲ್ಟಾಯಿತು.

ಜಪಾನಿನಲ್ಲಿ 1968ರಲ್ಲಿ ಮಾತ್ಸುನಾಗಾ ಸಹೋದರರು ಕಟ್ಟಿದ ಆಲ್ ಜಪಾನ್ ವಿಮೆನ್ಸ್ ಕಂಪನಿ ಈ ಕಲೆಯನ್ನು ಮನೆಮನೆಗೆ ಒಯ್ದಿತು. ಎಂಬತ್ತರ ದಶಕದಲ್ಲಿ ಚಿಗುಸಾ ನಾಗಾಯೋ ಮತ್ತು ಲಯನೆಸ್ ಅಸುಕಾ ಜೋಡಿಗೆ ಶಾಲಾ ಹುಡುಗಿಯರು ಮುಗಿಬೀಳುತ್ತಿದ್ದರು. ಆ ಕಂಪನಿಯ ಕಟ್ಟುಪಾಡು ಕೇಳಿದರೆ ಹೊಟ್ಟೆ ಉರಿಯುತ್ತದೆ: ಕುಡಿಯುವಂತಿಲ್ಲ, ಸೇದುವಂತಿಲ್ಲ, ಗಂಡಿನ ಸಹವಾಸ ಮಾಡುವಂತಿಲ್ಲ, 25 ತುಂಬಿದರೆ ನಿವೃತ್ತಿ. ನಾಗಾಯೋ ಆ ಬೇಲಿ ಹಾರಿ 1995ರಲ್ಲಿ ಗಯಾ ಜಪಾನ್ ಎಂಬ ತಮ್ಮದೇ ತಂಡ ಶುರುಮಾಡಿದರು. ಅಲ್ಲಿ ಬೆಳೆದ ಮೇಕೋ ಸಾಟೊಮುರಾ ಸೆಂಡಾಯ್ ಊರಿನಲ್ಲಿ ತಂಡ ಕಟ್ಟಿದರು. 2011ರ ಭೂಕಂಪ, ಸುನಾಮಿಗಳಲ್ಲಿ ಊರು ನಲುಗಿದ ವರ್ಷವೇ ತಂಡದ ಪೂರ್ತಿ ಹೊಣೆ ಹೊತ್ತು ಅದನ್ನು ಉಳಿಸಿಕೊಂಡರು. ಅವರು ಕುಸ್ತಿ ನಿಲ್ಲಿಸಿದ್ದು 2025ರ ಏಪ್ರಿಲ್‌ನಲ್ಲಿ, ನಲವತ್ತೈದರ ವಯಸ್ಸಿನಲ್ಲಿ. ಇಪ್ಪತ್ತೈದಕ್ಕೆ ಮನೆಗೆ ಕಳಿಸುತ್ತಿದ್ದ ನಾಡಿನಲ್ಲಿ ಅದು ಸಣ್ಣ ಮಾತಲ್ಲ.

ಅಮೆರಿಕದಲ್ಲಿ ಬರ್ಕ್ ನಂತರ ದಶಕಗಟ್ಟಲೆ ಹಿನ್ನಡೆಯೇ. ನ್ಯೂಯಾರ್ಕ್‌ನಲ್ಲಿ ಹೆಂಗಸರ ಕುಸ್ತಿಗೆ ನಿಷೇಧವಿತ್ತು, ಅದು ಹೋದದ್ದು 1972ರಲ್ಲಿ. 1986ರಲ್ಲಿ ಲಾಸ್ ವೇಗಸ್‌ನಿಂದ ಬಂದ ಗ್ಲೋ ಎಂಬ ಟಿವಿ ಕಾರ್ಯಕ್ರಮದಲ್ಲಿ ಥಳುಕು, ಹಾಡು, ಹಾಸ್ಯಗಳ ನಡುವೆ ಕುಸ್ತಿಗೆ ಸಿಕ್ಕ ಜಾಗ ಸ್ವಲ್ಪ. ನಿಜವಾದ ತಿರುವು ಬಂದದ್ದು 2005ರ ನವೆಂಬರ್ 6ರಂದು, ಶಿಕಾಗೊ ಪಕ್ಕದ ಬರ್ವಿನ್ ಊರಿನ ಒಂದು ಕ್ಲಬ್ಬಿನ ಸಭಾಂಗಣದಲ್ಲಿ. ಡೇವ್ ಪ್ರೇಜಾಕ್ ಮತ್ತು ಕುಸ್ತಿಪಟು ಆಲಿಸನ್ ಡೇಂಜರ್ ಸೇರಿ ನಡೆಸಿದ ಶಿಮ್ಮರ್ ಎಂಬ ಪ್ರದರ್ಶನ ಅದು. ಟಿವಿ ಇಲ್ಲ, ಪ್ರಾಯೋಜಕರ ದಂಡಿಲ್ಲ. ಒಂದೇ ದಿನ ಎರಡು ಭಾಗ ಚಿತ್ರಿಸಿ ಡಿವಿಡಿ ಮಾಡಿ ಮಾರುವುದು ಅವರ ಲೆಕ್ಕಾಚಾರ. ಕುಸ್ತಿ ಮುಗಿದ ಮೇಲೆ ಆಡಿದವರೇ ಗಿಮಿಕ್ ಟೇಬಲ್ ಹಿಂದೆ ಕೂತು ಟೀಶರ್ಟು, ಫೋಟೊ ಮಾರುತ್ತಿದ್ದರು. ಮೊದಲ ದಿನದ ದೊಡ್ಡ ಪಂದ್ಯ ಸಾರಾ ಡೆಲ್ ರೇ ಮತ್ತು ಮರ್ಸಿಡಿಸ್ ಮಾರ್ಟಿನೆಜ್ ನಡುವೆ. ಇಪ್ಪತ್ತು ನಿಮಿಷ ಸೆಣಸಿ ಸಮವಾಯಿತು. ಡಬ್ಲ್ಯುಡಬ್ಲ್ಯುಇಯಂಥ ದೊಡ್ಡ ಕಂಪನಿಯಲ್ಲಿ ಹೆಂಗಸರಿಗೆ ಎರಡು ಮೂರು ನಿಮಿಷ ಸಿಕ್ಕರೆ ಪುಣ್ಯ ಎನ್ನುವ ಕಾಲದಲ್ಲಿ ಆ ಇಪ್ಪತ್ತು ನಿಮಿಷವೇ ಒಂದು ದಾವೆ.

ಆ ಸಭಾಂಗಣದ ಋಣ ಇಂದಿನ ಡಬ್ಲ್ಯುಡಬ್ಲ್ಯುಇ ಮೇಲಿದೆ. ಬೆಕಿ ಲಿಂಚ್ ಮೊದಲು ರೆಬೆಕಾ ನಾಕ್ಸ್ ಎಂಬ ಹೆಸರಲ್ಲಿ, ಬೇಲಿ ದವೀನಾ ರೋಸ್ ಎಂಬ ಹೆಸರಲ್ಲಿ ಶಿಮ್ಮರ್ ರಿಂಗಿನಲ್ಲಿ ಆಡಿದವರು. ಸಾರಾ ಡೆಲ್ ರೇ 2012ರಲ್ಲಿ ದೊಡ್ಡ ಕಂಪನಿಗೆ ತರಬೇತುದಾರ್ತಿಯಾಗಿ ಹೋಗಿ ಒಂದು ಪೀಳಿಗೆಯನ್ನೇ ತಿದ್ದಿದರು. 2015ರ ಫೆಬ್ರವರಿಯಲ್ಲಿ ನಾಲ್ವರು ಹೆಣ್ಣುಮಕ್ಕಳ ಪಂದ್ಯವನ್ನು ಅರ್ಧ ನಿಮಿಷದಲ್ಲಿ ಮುಗಿಸಿದಾಗ ನೋಡುಗರು ಜಗತ್ತಿನಾದ್ಯಂತ ಗಲಾಟೆ ಎಬ್ಬಿಸಿದರು. ಮರುವರ್ಷ ಹೆಣ್ಣು ಕುಸ್ತಿಪಟುಗಳಿಗೆ ಅಂಟಿಸಿದ್ದ ಡೀವಾ ಎಂಬ ಪಟ್ಟ ಹೋಯಿತು. 2018ರ ಅಕ್ಟೋಬರ್ 28ರಂದು ಪೂರ್ತಿ ಹೆಂಗಸರದೇ ಆದ ಎವಲ್ಯೂಷನ್ ನಡೆಯಿತು. 2019ರ ಏಪ್ರಿಲ್‌ನಲ್ಲಿ ಕಂಪನಿಯ ಅತಿ ದೊಡ್ಡ ಪ್ರದರ್ಶನವಾದ ರೆಸಲ್‌ಮೇನಿಯಾದ ಕೊನೆಯ, ಅಂದರೆ ಮುಖ್ಯ, ಪಂದ್ಯ ಹೆಂಗಸರ ಪಾಲಾಯಿತು. ಇಂಗ್ಲೆಂಡಿನಲ್ಲಿ ಎಮಿಲಿ ಮತ್ತು ಡ್ಯಾನ್ ರೀಡ್ ದಂಪತಿ 2010ರಲ್ಲಿ ಕಟ್ಟಿದ ಈವ್ ತಂಡ ಇದೇ ಹಾದಿಯದು. ಲಂಡನ್ನಿನ ಬೆಥ್ನಲ್ ಗ್ರೀನ್‌ನಲ್ಲಿ ಅವರು ಮಹಿಳೆಯರಿಗೆ ತರಬೇತಿಯನ್ನೂ ಕೊಟ್ಟಿದ್ದಾರೆ.

ಕೊಲ್ಲಿಗೆ ಈ ಗಾಳಿ ಬೀಸಿದ್ದು ತಡವಾಗಿ. 2017ರ ಡಿಸೆಂಬರಿನಲ್ಲಿ ಅಬುಧಾಬಿಯಲ್ಲಿ ಸಾಶಾ ಬ್ಯಾಂಕ್ಸ್ ಮತ್ತು ಅಲೆಕ್ಸಾ ಬ್ಲಿಸ್ ಮೈತುಂಬ ಉಡುಪು ತೊಟ್ಟು ಆಡಿದರು. ಅದೇ ವರ್ಷ ಜೋರ್ಡಾನಿನ ಶಾದಿಯಾ ಬಸೈಸೊ ಡಬ್ಲ್ಯುಡಬ್ಲ್ಯುಇ ಸೇರಿದ ಮೊದಲ ಅರಬ್ ಮಹಿಳೆಯಾದರು. 2018ರ ಏಪ್ರಿಲ್‌ನಲ್ಲಿ ಜೆದ್ದಾದ ದೊಡ್ಡ ಪ್ರದರ್ಶನಕ್ಕೆ ಹೆಣ್ಣು ಕುಸ್ತಿಪಟುಗಳನ್ನು ಕರೆಯಲಿಲ್ಲ. 2019ರ ಅಕ್ಟೋಬರ್ 31ರಂದು ರಿಯಾದ್‌ನ ಕಿಂಗ್ ಫಹದ್ ಕ್ರೀಡಾಂಗಣದಲ್ಲಿ ನಟಾಲಿಯಾ ಮತ್ತು ಲೇಸಿ ಎವನ್ಸ್ ಆಡಿದರು. ಪಂದ್ಯ ಮುಗಿದ ಮೇಲೆ ಇಬ್ಬರೂ ಅಪ್ಪಿಕೊಂಡು, ಗ್ಯಾಲರಿಯ ಮುಂದೆ ನಿಂತ ಹೆಣ್ಣುಮಕ್ಕಳ ಬಳಿ ಹೋದರು. ಇದನ್ನು ಕೊಂಡಾಡುವಾಗಲೂ ಒಂದು ಮಾತು ಮರೆಯಬಾರದು. ಆಡುವ ಅವಕಾಶ ಅಲ್ಲಿ ಸಿಕ್ಕಿದ್ದು ಕಂಪನಿಗೂ ಸರ್ಕಾರಕ್ಕೂ ಆದ ಒಪ್ಪಂದದೊಳಗೆ. ನನಗೆ ಹೆಚ್ಚು ಭರವಸೆ ಹುಟ್ಟಿಸಿದ್ದು ಮಲೇಷ್ಯಾದ ನೋರ್ ಡಯಾನಾ. ಫೀನಿಕ್ಸ್ ಎಂಬ ಹೆಸರಲ್ಲಿ, ಹಿಜಾಬ್ ತೊಟ್ಟು, 2019ರ ಜುಲೈನಲ್ಲಿ ನಾಲ್ವರು ಗಂಡಸರನ್ನು ಹಿಂದಿಕ್ಕಿ ತಮ್ಮೂರಿನ ಸಣ್ಣ ಸಂಸ್ಥೆಯ ಚಾಂಪಿಯನ್ ಆದ ಹುಡುಗಿ ಅವರು.

ಭಾರತದಲ್ಲಿ ವೃತ್ತಿ ಕುಸ್ತಿಯ ಹೆಣ್ಣು ಹೆಸರೆಂದರೆ ಹರಿಯಾಣದ ಕವಿತಾ ದೇವಿ. ಭಾರ ಎತ್ತುವುದರಲ್ಲಿ 2016ರ ದಕ್ಷಿಣ ಏಷ್ಯಾ ಕ್ರೀಡಾಕೂಟದ ಚಿನ್ನ ಗೆದ್ದವರು. ಜಲಂಧರದಲ್ಲಿ ಗ್ರೇಟ್ ಖಲಿಯ ಅಖಾಡದಲ್ಲಿ ಪ್ರೇಕ್ಷಕರ ನಡುವಿನಿಂದ ಚೂಡಿದಾರದಲ್ಲೇ ಎದ್ದು ಬಂದು ಎದುರಾಳಿಯನ್ನು ಎತ್ತಿ ಒಗೆದ ದೃಶ್ಯ ಮೊಬೈಲಿನಿಂದ ಮೊಬೈಲಿಗೆ ಹರಿಯಿತು. 2017ರಲ್ಲಿ ಡಬ್ಲ್ಯುಡಬ್ಲ್ಯುಇಯ ಮೇ ಯಂಗ್ ಕ್ಲಾಸಿಕ್ ಪಂದ್ಯಾವಳಿಯಲ್ಲಿ, ಮರುವರ್ಷ ರೆಸಲ್‌ಮೇನಿಯಾದಲ್ಲಿ ಆಡಿದರು. 2021ರಲ್ಲಿ ಕಂಪನಿಯೊಂದಿಗಿನ ನಂಟು ಮುಗಿಯಿತು. ಅವರ ಹಿಂದೆ ಬರುವವರಿಗೆ ದೇಶದಲ್ಲಿ ನಿಂತ ವೇದಿಕೆಯಿರಲಿಲ್ಲ. ಇತ್ತ ಒಲಿಂಪಿಕ್ ಕುಸ್ತಿಯಲ್ಲಿ 2016ರ ರಿಯೊದಲ್ಲಿ ಕಂಚು ಗೆದ್ದ ಸಾಕ್ಷಿ ಮಲಿಕ್, 2023ರಲ್ಲಿ ಜಂತರ್ ಮಂತರ್‌ನಲ್ಲಿ ಕುಸ್ತಿ ಫೆಡರೇಷನ್ ಅಧ್ಯಕ್ಷರ ವಿರುದ್ಧ ಧರಣಿ ಕೂತು, ಆ ವರ್ಷದ ಡಿಸೆಂಬರಿನಲ್ಲಿ ಪತ್ರಕರ್ತರ ಮೇಜಿನ ಮೇಲೆ ಬೂಟು ಬಿಟ್ಟು ಕುಸ್ತಿಗೆ ವಿದಾಯ ಹೇಳಿದರು. ಆಟಗಾರ್ತಿಯ ಬದುಕು ಫೆಡರೇಷನ್ನಿನ ಮುಷ್ಟಿಯಲ್ಲಿ ಎಷ್ಟು ಬಿಗಿಯಾಗಿ ಸಿಕ್ಕಿರುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಕರ್ನಾಟಕದಲ್ಲಿ ಕುಸ್ತಿ ಆಡುವ ಹೆಣ್ಣುಮಕ್ಕಳಿಗೆ ಕೊರತೆಯಿಲ್ಲ. ಹಳಿಯಾಳದಲ್ಲಿ ಕುಸ್ತಿಗೆಂದೇ ಕ್ರೀಡಾ ಹಾಸ್ಟೆಲ್ ಇದೆ. ಲೀನಾ ಸಿದ್ದಿ, ಶಾಲಿನಾ ಸಿದ್ದಿ ಅಲ್ಲಿನ ಸೀಮೆಯಿಂದ ಬಂದವರು. ಗದಗದಿಂದ ಪ್ರೇಮಾ ಹುಚ್ಚಣ್ಣವರ, ಬಶೀರಾ ವಕ್ಕಾರದ, ಶ್ವೇತಾ ಬೆಳಗಟ್ಟಿ ಬಂದರು. ದಸರೆಯಲ್ಲಿ ಹೆಣ್ಣುಮಕ್ಕಳಿಗೆ ದಸರಾ ಕಿಶೋರಿ ಎಂಬ ಪಟ್ಟವಿದೆ, ರಾಜ್ಯ ಮಟ್ಟದಲ್ಲಿ ಮಹಿಳಾ ಕರ್ನಾಟಕ ಕೇಸರಿ ಇದೆ. ಬೆಳಗಾವಿ, ಧಾರವಾಡ ಕಡೆಯ ಜಾತ್ರೆಗಳಲ್ಲಿ ಸೋಲುಗೆಲುವು ತೀರ್ಮಾನವಾಗುವವರೆಗೆ ನಡೆಯುವ ಜಂಗಿ ನಿಕಾಲಿ ಕುಸ್ತಿಗೆ ಸೇರುವ ಜನ ಯಾವ ದೊಡ್ಡ ಕಂಪನಿಗೂ ಹೊಟ್ಟೆಕಿಚ್ಚು ತರಿಸುವಷ್ಟು. ಆದರೂ ಪದಕ ಗೆದ್ದ ಹುಡುಗಿಗೆ ಮುಂದಿನ ದಾರಿ ಎಂದರೆ ಪೊಲೀಸ್, ರೈಲ್ವೆ ನೌಕರಿ. ಅದು ಸಿಗದಿದ್ದರೆ ಮದುವೆ. ಕಲಿತ ಪಟ್ಟುಗಳು ಅಲ್ಲಿಗೇ ನಿಲ್ಲುತ್ತವೆ.

ಶಿಮ್ಮರ್ ಶುರುವಾಗುವಾಗ ಇದ್ದದ್ದು ಒಂದು ಸಭಾಂಗಣ, ಕೆಲವು ಕ್ಯಾಮೆರಾ, ಒಳ್ಳೆಯ ಕುಸ್ತಿ ನೋಡಲು ದುಡ್ಡು ಕೊಡುವ ಕೆಲವು ನೂರು ಜನ. ಹಳಿಯಾಳದಲ್ಲಿ ಮ್ಯಾಟಿದೆ, ಆಡುವವರಿದ್ದಾರೆ. ಇವತ್ತು ಡಿವಿಡಿಯ ಖರ್ಚೂ ಇಲ್ಲ, ಮೊಬೈಲಿನಲ್ಲೇ ನೇರ ಪ್ರಸಾರ ಮಾಡಬಹುದು. ಆಟ ನಿಲ್ಲಿಸಿದ ನಾಲ್ಕಾರು ಹಿರಿಯ ಕುಸ್ತಿಪಟುಗಳೇ ಸಂಘ ಮಾಡಿಕೊಂಡು, ವರ್ಷಕ್ಕೆ ಒಂದೆರಡು ಸಲ ಹೆಂಗಸರದೇ ಕುಸ್ತಿ ಇಟ್ಟು, ಟಿಕೆಟಿನ ದುಡ್ಡನ್ನು ಆಡಿದವರಿಗೆ ಹಂಚಲಿ. ಮಣ್ಣಿನದಿರಲಿ, ಪಾಯಿಂಟಿನದಿರಲಿ, ಕಥೆ ಹೆಣೆದು ಆಡುವ ವೃತ್ತಿ ಕುಸ್ತಿಯೇ ಇರಲಿ, ಯಾವುದೆಂದು ಅವರೇ ಗೊತ್ತುಮಾಡಲಿ. ಟಿಕೆಟು ಕೊಳ್ಳಲು ಕುವೈತಿನ ಕ್ಯಾಂಪುಗಳಲ್ಲೂ ಜನ ಸಿಗುತ್ತಾರೆ.