ಬೂದಿಕೋಟೆಯಿಂದ ಕಡಲತೀರದವರೆಗೆ: ಯುದ್ಧಕಾಲದ ಸ್ಮಾರಕಗಳು ಹಾಗೂ ಚಿತ್ರಕಲೆ

ಕೋಲಾರ ಜಿಲ್ಲೆಯ ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಯು ಹೈದರ್ ಅಲಿಯ ಜನ್ಮಸ್ಥಳವೆಂದು ಪ್ರಸಿದ್ಧವಾಗಿದೆ. ಆತನ ತಂದೆ ಫತೇ ಮಹಮ್ಮದನು ಶಿರಾದ ನವಾಬನಿಂದ ಈ ಊರನ್ನು ಜಹಗೀರಾಗಿ ಪಡೆದಿದ್ದನು. ಅವನ ಸಮಾಧಿಯು ಕೋಲಾರ ನಗರದ ಮಕ್ಬರಾದಲ್ಲಿದೆ.

ಕರಾವಳಿಯೊಂದಿಗಿನ ಸಂಬಂಧ

1763ರಲ್ಲಿ ಹೈದರ್ ಅಲಿಯು ಬಿದನೂರನ್ನು ಗೆದ್ದ ಬಳಿಕ ಮಂಗಳೂರು ಬಂದರು ಮೈಸೂರಿನ ಅಧೀನಕ್ಕೆ ಬಂದಿತು. 1768ರಲ್ಲಿ ಕೋಲಾರ ಮತ್ತು ಮಂಗಳೂರು ಎರಡೂ ಕೆಲಕಾಲ ಇಂಗ್ಲಿಷರ ವಶವಾದವು. ಮುಂದೆ 1784ರ ಮಾರ್ಚ್ 11ರಂದು ಮಂಗಳೂರಿನ ಒಪ್ಪಂದವಾಯಿತು. ಯುದ್ಧನೌಕೆಗಳು ಗುರುಪುರ ನದಿಯನ್ನು ಪ್ರವೇಶಿಸದಂತೆ ಟಿಪ್ಪು ಸುಲ್ತಾನನು ಬೋಳೂರಿನಲ್ಲಿ ಕಟ್ಟಿಸಿದ ಕಪ್ಪು ಕಲ್ಲಿನ ಕಾವಲು ಬುರುಜು ‘ಸುಲ್ತಾನ್ ಬತ್ತೇರಿ’ ಎಂಬ ಹೆಸರಿನಿಂದ ಇಂದಿಗೂ ಉಳಿದಿದೆ. ಹೀಗೆ ಬಯಲುಸೀಮೆಯ ಬೂದಿಕೋಟೆ ಹಾಗೂ ಕಡಲತೀರದ ಬತ್ತೇರಿ ಒಂದೇ ಇತಿಹಾಸದ ಕುರುಹುಗಳಾಗಿವೆ.

ಚಿತ್ರಗಳೆಂಬ ದಾಖಲೆ

1780ರ ಸೆಪ್ಟೆಂಬರ್ 10ರ ಪೊಳ್ಳಿಲೂರು ಕದನವನ್ನು ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಭಿತ್ತಿಯ ಮೇಲೆ ಚಿತ್ರಿಸಲಾಗಿದೆ. ಪಲ್ಲಕ್ಕಿಯಲ್ಲಿ ಕುಳಿತ ಕರ್ನಲ್ ಬೈಲಿ, ಅವನ ಸುತ್ತ ಚೌಕಾಕಾರವಾಗಿ ನಿಂತ ಸೈನಿಕರು, ಸಿಡಿಯುತ್ತಿರುವ ಮದ್ದಿನ ಬಂಡಿ ಇದರಲ್ಲಿ ಕಾಣಸಿಗುತ್ತವೆ. ಈ ಚಿತ್ರಗಳಿಗೆ ಒಮ್ಮೆ ಸುಣ್ಣ ಬಳಿಯಲಾಗಿತ್ತು. 1799ರ ನಂತರ ಕರ್ನಲ್ ವೆಲ್ಲೆಸ್ಲಿಯೂ, 19ನೆಯ ಶತಮಾನದ ಮಧ್ಯಭಾಗದಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿಯೂ ಇವುಗಳನ್ನು ಮತ್ತೆ ಬರೆಯಿಸಿದರು. ಆದುದರಿಂದ ಇಂದು ಕಾಣುವ ಪ್ರತಿಯೊಂದು ರೇಖೆಯೂ ಮೂಲದ್ದೆಂದು ಭಾವಿಸಲಾಗದು.

ಮೂರನೆಯ ಮೈಸೂರು ಯುದ್ಧದಲ್ಲಿ ಕಾರ್ನ್‌ವಾಲಿಸ್‌ನ ಸೈನ್ಯದೊಂದಿಗಿದ್ದ ಚಿತ್ರಕಾರ ರಾಬರ್ಟ್ ಹೋಮ್‌ನ ಮೈಸೂರು ದೃಶ್ಯಗಳು 1794ರಲ್ಲಿ ಪ್ರಕಟವಾದವು. ಬೆಂಗಳೂರು ಕೋಟೆಯ ಬಹುಭಾಗ ಇಂದು ಅಳಿದಿದ್ದು, ದೆಹಲಿ ಬಾಗಿಲು ಮತ್ತು ಅದರ ಆಸುಪಾಸಿನ ಭಾಗವಷ್ಟೇ ಉಳಿದಿದೆ. ಅಳಿದ ಭಾಗಗಳನ್ನು ಅರಿಯಲು ಆ ಕಾಲದ ಚಿತ್ರಗಳು ನೆರವಾಗುತ್ತವೆ. ಆದರೆ ಅವು ಗೆದ್ದವರ ಕಡೆಯವನು ಕಂಡ ನೋಟಗಳೆಂಬುದನ್ನು ಮರೆಯಬಾರದು.

ಶಾಲೆಗಳು ಹಾಗೂ ಸಾರ್ವಜನಿಕರ ಗಮನಕ್ಕೆ

ಕೋಲಾರ ಚಿನ್ನದ ಗಣಿ ಪ್ರದೇಶ ಹಾಗೂ ಬಂಗಾರಪೇಟೆಯ ವಿದ್ಯಾರ್ಥಿಗಳು ಬೂದಿಕೋಟೆಯ ಅವಶೇಷಗಳನ್ನು ಚಿತ್ರಿಸಿ ದಾಖಲಿಸಬಹುದು. ಆಗ ಈ ಅಂಶಗಳನ್ನು ಪಾಲಿಸುವುದು ಸೂಕ್ತ:

1. ಚಿತ್ರದ ಹಿಂಬದಿಯಲ್ಲಿ ಸ್ಥಳ, ದಿನಾಂಕ ಮತ್ತು ನೋಡಿದ ದಿಕ್ಕನ್ನು ಬರೆಯುವುದು.
2. ಅಳತೆ ತಿಳಿಯುವಂತೆ ಗೋಡೆಯ ಪಕ್ಕದಲ್ಲಿ ಒಂದು ಮಾನವಾಕೃತಿಯನ್ನು ಸೇರಿಸುವುದು.
3. ಬಿದ್ದುಹೋದ ಭಾಗವನ್ನು ಊಹಿಸಿ ಬರೆದಲ್ಲಿ, ಅದು ಊಹೆಯೆಂದು ನಮೂದಿಸುವುದು.
4. ಚಿತ್ರವನ್ನು ಕಾಗದದ ಮೇಲಷ್ಟೇ ಬರೆಯುವುದು. ಸ್ಮಾರಕದ ಕಲ್ಲಿಗೆ ಬಣ್ಣ, ಸುಣ್ಣ ಅಥವಾ ಸೀಮೆಸುಣ್ಣ ತಾಗಿಸಬಾರದು.

ಕೇಂದ್ರ ಸಂರಕ್ಷಿತ ಸ್ಮಾರಕಗಳನ್ನು ವಿರೂಪಗೊಳಿಸಿದವರಿಗೆ 1958ರ ಅಧಿನಿಯಮದ 2010ರ ತಿದ್ದುಪಡಿಯಂತೆ 2 ವರ್ಷಗಳವರೆಗೆ ಕಾರಾವಾಸ, 1 ಲಕ್ಷ ರೂಪಾಯಿಗಳವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದಾಗಿದೆ.

ಉರುಳಿದ ಗೋಡೆಯನ್ನು ಮತ್ತೆ ಕಟ್ಟಿದರೂ ಅದು ಹಳೆಯ ಗೋಡೆಯಾಗದು. ಆದುದರಿಂದ ಸ್ಮಾರಕವು ನಿಂತಿರುವಾಗಲೇ ಅದನ್ನು ದಾಖಲಿಸುವುದು ಸಂರಕ್ಷಣೆಯ ಮೊದಲ ಹೆಜ್ಜೆಯಾಗಿರುತ್ತದೆ.