ಪ್ರವಾಹ ಸಂವೇದಕದ ಹೊಂದಿಸಬಲ್ಲ ಕವಚ

ವಿದ್ಯುತ್ ತಂತಿಯನ್ನು ಕತ್ತರಿಸದೆ, ಮೇಲಿನ ಹೊದಿಕೆಯನ್ನೂ ಸುಲಿಯದೆ, ಅದರಲ್ಲಿ ಎಷ್ಟು ಆಂಪಿಯರ್ ಹರಿಯುತ್ತಿದೆ ಎಂದು ಹೊರಗಿನಿಂದಲೇ ಅಳೆಯುವ ಸಾಧನ ಪ್ರವಾಹ ಸಂವೇದಕ. ಬೇರೆ ಬೇರೆ ದಪ್ಪದ ತಂತಿಗಳಿಗೆ ಅದನ್ನು ತೊಡಿಸುವ, ತಂತಿ ಅಲುಗಾಡದಂತೆ ಹಿಡಿದಿಡುವ, ಮಳೆ ದೂಳು ಇರುವೆಗಳಿಂದ ಒಳಭಾಗವನ್ನು ಕಾಯುವ ಹೊರಮೈಗೆ ಹೊಂದಿಸಬಲ್ಲ ಕವಚ ಎಂದು ಹೆಸರು. ಎಲೆಕ್ಟ್ರಿಷಿಯನ್ನರ ಮಾತಿನಲ್ಲಿ ಸಂವೇದಕ 'ಸಿಟಿ' ಅಥವಾ 'ಸಿಟಿ ಕಾಯಿಲ್'; ಕೈಯಲ್ಲಿ ಹಿಡಿದು ತಂತಿಗೆ ಕಚ್ಚಿಸುವ ಮೀಟರು 'ಟಂಗ್ ಟೆಸ್ಟರ್'. ಮೈಸೂರು ಜಿಲ್ಲೆಯ ನಂಜನಗೂಡು ಮತ್ತು ತಿ. ನರಸೀಪುರ ತಾಲ್ಲೂಕುಗಳಲ್ಲಿ ಇದರ ಬಳಕೆ ಪಂಪ್‌ಸೆಟ್ಟಿನ ಸ್ಟಾರ್ಟರ್ ಪೆಟ್ಟಿಗೆಯಲ್ಲಿ, ಟ್ರಾನ್ಸ್‌ಫಾರ್ಮರ್ ಕಂಬದಲ್ಲಿ, ಕಾರ್ಖಾನೆಗಳ ಪ್ಯಾನಲ್‌ಗಳಲ್ಲಿ. ಅಂಕಿ ತಪ್ಪಾದಾಗ ದೂರು ಮೀಟರಿನ ಮೇಲೆ ಹೋಗುತ್ತದೆ. ಎಷ್ಟೋ ಸಲ ಮೀಟರು ಸರಿಯಾಗಿಯೇ ಇರುತ್ತದೆ, ಕವಚ ಬಿಗಿಯಾಗಿ ಮುಚ್ಚಿಕೊಂಡಿರುವುದಿಲ್ಲ.

ಈ ಸೀಮೆಯ ಅಗತ್ಯ

ತಿರುಮಕೂಡಲಿನಲ್ಲಿ ಕಪಿಲೆಯನ್ನು ಕೂಡಿಕೊಂಡು ಹರಿದ ಕಾವೇರಿಯ ನೀರಿನಿಂದಲೇ 1902ರಲ್ಲಿ ಶಿವನಸಮುದ್ರದಲ್ಲಿ ವಿದ್ಯುತ್ ಉತ್ಪಾದನೆಯಾಗಿ ಕೋಲಾರದ ಚಿನ್ನದ ಗಣಿಗಳಿಗೆ ಹೋಯಿತು. ಅದು ಸುತ್ತಲ ಹೊಲಗದ್ದೆಗಳ ಬಾವಿಗಳಿಗೆ ಬಂದದ್ದು ದಶಕಗಳ ಬಳಿಕ. ಕಪಿಲೆಗೆ ಕಟ್ಟಿದ ಕಬಿನಿ ಅಣೆಕಟ್ಟೆಯ ನಾಲೆಗಳು ತಲುಪಿದ ಕಡೆ ಭತ್ತ, ಕಬ್ಬು ಬೆಳೆಯುತ್ತವೆ. ನಾಲೆ ಹತ್ತದ ದೊಡ್ಡಕವಲಂದೆ ಕಡೆಯ ಒಣಭೂಮಿಯಲ್ಲಿ ಬೇಸಾಯಕ್ಕೆ ಕೊಳವೆಬಾವಿಯೇ ಆಸರೆ. ಕರ್ನಾಟಕದಲ್ಲಿ 2008ರಿಂದ 10 ಎಚ್‌ಪಿ ವರೆಗಿನ ನೀರಾವರಿ ಪಂಪ್‌ಸೆಟ್‌ಗಳಿಗೆ ವಿದ್ಯುತ್ ಉಚಿತ. ಬಹುಪಾಲು ಪಂಪ್‌ಸೆಟ್‌ಗಳಿಗೆ ಪ್ರತ್ಯೇಕ ಮೀಟರ್ ಇಲ್ಲ. ಹೀಗಾಗಿ ಅವು ಬಳಸಿದ ವಿದ್ಯುತ್ತನ್ನು ಫೀಡರ್‌ನಲ್ಲೋ ಟ್ರಾನ್ಸ್‌ಫಾರ್ಮರಿನಲ್ಲೋ ಅಳೆದು ಲೆಕ್ಕ ಹಾಕಬೇಕಾಗುತ್ತದೆ. ಮೈಸೂರು, ಚಾಮರಾಜನಗರ, ಮಂಡ್ಯ, ಹಾಸನ, ಕೊಡಗು ಜಿಲ್ಲೆಗಳಿಗೆ ವಿದ್ಯುತ್ ಹಂಚುವ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮಕ್ಕೆ, ಅಂದರೆ ಸೆಸ್ಕ್‌ಗೆ, ಸರ್ಕಾರದಿಂದ ಬರಬೇಕಾದ ಸಹಾಯಧನ ನಿಂತಿರುವುದು ಈ ಲೆಕ್ಕದ ಮೇಲೆ. ಅಲ್ಲಿ ಅಳತೆ ಕಡಿಮೆ ಬಂದರೆ ರೈತ ಬಳಸಿದ ವಿದ್ಯುತ್ತು ಮಾರ್ಗನಷ್ಟದ ಖಾತೆಗೆ ಸೇರುತ್ತದೆ. ಹೆಚ್ಚು ಬಂದರೆ ಮಾರ್ಗದಲ್ಲಿ ಸೋರಿದ್ದೂ ಕದ್ದದ್ದೂ ರೈತನ ಹೆಸರಿಗೆ ಬೀಳುತ್ತದೆ.

ರೈತನಿಗೆ ಇನ್ನೂ ಹತ್ತಿರದ ಕಾರಣವೊಂದಿದೆ, ಮೋಟರು. ಮೂರು ಫೇಸ್ ವಿದ್ಯುತ್ತು ದಿನದಲ್ಲಿ ಕೆಲವೇ ಗಂಟೆ, ಎಷ್ಟೋ ಸಲ ರಾತ್ರಿ ಪಾಳಿಯಲ್ಲಿ ಬರುತ್ತದೆ. ಆಗ ಆಟೋ ಸ್ಟಾರ್ಟರ್ ತಾನಾಗಿ ಮೋಟರನ್ನು ಎಬ್ಬಿಸುತ್ತದೆ. 415 ವೋಲ್ಟಿನ ಮೂರು ಫೇಸ್ ಮೋಟರು ಎಚ್‌ಪಿಗೆ ಸುಮಾರು ಒಂದೂವರೆ ಆಂಪಿಯರ್ ಎಳೆಯುತ್ತದೆಂಬುದು ಎಲೆಕ್ಟ್ರಿಷಿಯನ್ನರ ರೂಢಿಯ ಲೆಕ್ಕ. 5 ಎಚ್‌ಪಿಗೆ ಏಳೂವರೆ, 10 ಎಚ್‌ಪಿಗೆ ಹದಿನೈದು. ಬಾವಿಯ ನೀರು ತಳ ಕಂಡರೆ ಹೊರೆ ಇಳಿದು ಆಂಪಿಯರ್ ಕುಸಿಯುತ್ತದೆ. ಮರಳು ಕಚ್ಚಿಕೊಂಡರೆ ಏರುತ್ತದೆ. ಓಡುತ್ತಿರುವಾಗಲೇ ಒಂದು ಫೇಸ್ ಹೋದರೆ ಆ ತಂತಿಯಲ್ಲಿ ಸೊನ್ನೆಯಾಗಿ, ಉಳಿದೆರಡರಲ್ಲಿ ಸುಮಾರು 1.73 ಪಟ್ಟು ಹರಿಯತೊಡಗುತ್ತದೆ. ಸ್ವಲ್ಪ ಹೊತ್ತಿನಲ್ಲಿ ಕಾಯಿಲ್ ಸುಡುತ್ತದೆ. ಸುಟ್ಟ ಮೋಟರನ್ನು ಕೊಳವೆಬಾವಿಯಿಂದ ಮೇಲೆತ್ತಿಸಿ, ವೈಂಡಿಂಗ್ ಮಾಡಿಸಿ, ಮತ್ತೆ ಇಳಿಸುವಷ್ಟರಲ್ಲಿ ಬಾಳೆಯಾಗಲಿ ಹಿಪ್ಪುನೇರಳೆಯಾಗಲಿ ಬಾಡಿರುತ್ತದೆ. ಮೂರು ಫೇಸಿಗೂ ಒಂದೊಂದು ಸಂವೇದಕ ನೆಟ್ಟಗೆ ಕುಳಿತಿದ್ದರೆ ಈ ಮೂರೂ ಕೇಡುಗಳನ್ನು ಮೊದಲೇ ಹಿಡಿಯಬಹುದು.

ಅಳತೆಯ ತತ್ತ್ವ

ಪ್ರವಾಹವಿರುವ ತಂತಿಯ ಸುತ್ತ ಕಾಂತಕ್ಷೇತ್ರವಿರುತ್ತದೆಂದು 1820ರಲ್ಲಿ ಡೆನ್ಮಾರ್ಕಿನ ಓರ್ಸ್ಟೆಡ್ ಕಂಡುಕೊಂಡ. ಎಲ್ಲ ಪ್ರವಾಹ ಸಂವೇದಕಗಳೂ ಅಳೆಯುವುದು ಈ ಕ್ಷೇತ್ರವನ್ನೇ. ಸೀಳು ತಿರುಳಿನ ಸಿಟಿಯಲ್ಲಿ ಕಬ್ಬಿಣದ ಅಥವಾ ಫೆರೈಟಿನ ಉಂಗುರವನ್ನು ಎರಡು ಹೋಳು ಮಾಡಿ ತಂತಿಯ ಸುತ್ತ ಕೂಡಿಸುತ್ತಾರೆ. ಉಂಗುರಕ್ಕೆ ಸುತ್ತಿದ ಕಾಯಿಲ್‌ನಲ್ಲಿ ಅನುಪಾತಕ್ಕೆ ತಕ್ಕ ಸಣ್ಣ ಪ್ರವಾಹ ಬರುತ್ತದೆ. 1879ರಲ್ಲಿ ಎಡ್ವಿನ್ ಹಾಲ್ ಕಂಡುಹಿಡಿದ ಪರಿಣಾಮವನ್ನು ಬಳಸುವ ಚಿಪ್‌ಗಳು ನೇರವಾಗಿ ಕ್ಷೇತ್ರವನ್ನೇ ಗ್ರಹಿಸುತ್ತವೆ. 1912ರಲ್ಲಿ ರೊಗೋವ್ಸ್ಕಿ ವಿವರಿಸಿದ ಕಾಯಿಲ್‌ಗೆ ತಿರುಳೇ ಇಲ್ಲ. ಹಗ್ಗದಂತೆ ಬಾಗುವುದರಿಂದ ದಪ್ಪ ಕೇಬಲ್‌ಗಳ ಸುತ್ತ ಸುಲಭವಾಗಿ ಬಳಸಬಹುದು.

ತಿರುಳಿಲ್ಲದ ಹಾಲ್ ಸಂವೇದಕದ ಕಷ್ಟವನ್ನು ಅಂಕಿಗಳೇ ಹೇಳುತ್ತವೆ. 10 ಆಂಪಿಯರ್ ಹರಿಯುವ ತಂತಿಯ ನಡುವಿನಿಂದ 10 ಮಿ.ಮೀ. ದೂರದಲ್ಲಿ ಸಿಗುವ ಕ್ಷೇತ್ರ 200 ಮೈಕ್ರೊಟೆಸ್ಲಾ. ಭೂಮಿಯ ಕಾಂತಕ್ಷೇತ್ರವೇ ಈ ಭಾಗದಲ್ಲಿ ಸುಮಾರು 40 ಮೈಕ್ರೊಟೆಸ್ಲಾ ಇದೆ. ಅದು ಬದಲಾಗದೆ ನಿಂತಿರುವುದರಿಂದ, 50 ಹರ್ಟ್ಸ್‌ನಲ್ಲಿ ಏರಿಳಿಯುವ ಅಂಶವನ್ನಷ್ಟೇ ಎಣಿಸಿ ಅದನ್ನು ಬಿಟ್ಟುಬಿಡಬಹುದು. ತಂತಿ ಒಂದೇ ಮಿಲಿಮೀಟರ್ ಸರಿದು 11 ಮಿ.ಮೀ. ಆದರೆ ಅಂಕಿ ಸುಮಾರು ಶೇ. 9ರಷ್ಟು ಇಳಿಯುತ್ತದೆ; ಇದನ್ನು ಬಿಡುವ ದಾರಿಯಿಲ್ಲ. ಪಕ್ಕದ ಫೇಸಿನ ತಂತಿ 30 ಮಿ.ಮೀ. ದೂರದಲ್ಲಿದ್ದರೆ ತನ್ನ ಮೂರನೆ ಒಂದು ಪಾಲು ಕ್ಷೇತ್ರವನ್ನು ಇದಕ್ಕೂ ಬೆರೆಸಬಲ್ಲದು. ಸ್ಟಾರ್ಟರ್ ಪೆಟ್ಟಿಗೆಯಲ್ಲಿ ಮೂರೂ ತಂತಿಗಳು ಅಷ್ಟೇ ಹತ್ತಿರ ಇರುವುದರಿಂದ, ಬಿಡಿ ಹಾಲ್ ಚಿಪ್ ಅನ್ನು ತಂತಿಗೆ ಆನಿಸಿ ಕಟ್ಟುವ ವಿನ್ಯಾಸ ಅಲ್ಲಿಗೆ ಹೊಂದುವುದಿಲ್ಲ. ತಂತಿಯನ್ನು ಪೂರ್ತಿ ಸುತ್ತುವರಿಯುವ ಉಂಗುರವೇ ಬೇಕು.

ಮುಚ್ಚುವ ಬಾಯಿ

ಸೀಳು ಉಂಗುರದ ಶತ್ರು ಗಾಳಿಯ ಎಡೆ. ಕಾಂತಪಥದ ಉದ್ದ 100 ಮಿ.ಮೀ., ತಿರುಳಿನ ಸಾಪೇಕ್ಷ ಕಾಂತಪ್ರವೇಶ್ಯತೆ 2000 ಎಂದಿಟ್ಟುಕೊಂಡರೆ, ಎರಡೂ ಕೂಡುಬಾಯಿಗಳಲ್ಲಿ ಒಟ್ಟು 0.1 ಮಿ.ಮೀ. ಎಡೆ ಉಳಿದರೂ ತಿರುಳಿನ ಪರಿಣಾಮ ಮೂರನೆ ಒಂದಕ್ಕೆ ಇಳಿಯುತ್ತದೆ. 0.1 ಮಿ.ಮೀ. ಅಂದರೆ ಒಂದು ಹಾಳೆ ಕಾಗದದ ದಪ್ಪ. ಕೆಂಪು ಮಣ್ಣಿನ ದೂಳು ಒಂದು ಪದರ ಕುಳಿತರೆ ಸಾಕು. ಅಂಕಿಯಲ್ಲಿ ಕೊರತೆ ಬರುವುದರ ಜೊತೆಗೆ ವೋಲ್ಟೇಜಿಗೂ ಪ್ರವಾಹಕ್ಕೂ ನಡುವಿನ ಕಾಲದ ಹೊಂದಾಣಿಕೆಯೂ ಜಾರುತ್ತದೆ. ಪವರ್ ಫ್ಯಾಕ್ಟರ್ 0.8 ಇರುವ ಮೋಟರಿನಲ್ಲಿ ಒಂದು ಡಿಗ್ರಿಯ ಜಾರಿಕೆ ಯೂನಿಟ್ಟಿನ ಲೆಕ್ಕವನ್ನು ಶೇ. 1.3ರಷ್ಟು ತಪ್ಪಿಸುತ್ತದೆ. ಆಂಪಿಯರ್ ಸರಿಯಾಗಿ ಕಂಡು ಯೂನಿಟ್ ತಪ್ಪುವುದು ಹೀಗೆ.

ಆದ್ದರಿಂದ ಕವಚದ ಮೊದಲ ಕೆಲಸ ಎರಡು ಹೋಳುಗಳ ಮುಖಗಳನ್ನು ಪ್ರತಿ ಸಲವೂ ಒಂದೇ ರೀತಿ ಅದುಮಿ ಕೂಡಿಸುವುದು. ಒಂದು ಹೋಳನ್ನು ಕವಚದಲ್ಲಿ ಗಟ್ಟಿಯಾಗಿ ಕೂರಿಸಿ, ಇನ್ನೊಂದನ್ನು ಸ್ಟೇನ್‌ಲೆಸ್ ಸ್ಪ್ರಿಂಗಿನ ಮೇಲೆ ಕೂದಲೆಳೆಯಷ್ಟು ಆಡುವಂತೆ ಬಿಡಬೇಕು. ಎರಡನ್ನೂ ಬಿಗಿದುಬಿಟ್ಟರೆ ಕೀಲಿನ ಸಣ್ಣ ಓರೆಯೂ ಮುಖಗಳ ಮೇಲೆ ಬಿದ್ದು, ಒಂದು ಅಂಚು ತಾಗಿ ಇನ್ನೊಂದು ತೆರೆದಿರುತ್ತದೆ. ಚಿಲಕದ ಬಲ ಮುಖಗಳಿಗೆ ನೇರವಾಗಿ ಬೀಳಬೇಕು, ಪ್ಲಾಸ್ಟಿಕ್ ಅಂಚುಗಳಿಗೆ ಬೀಳಬಾರದು. ಅಂಚುಗಳ ನಡುವೆ ಚೂರು ಜಾಗ ಉಳಿಸಿ ಅದನ್ನು ರಬ್ಬರ್ ಪಟ್ಟಿಯಿಂದ ತುಂಬುವುದು ಒಳ್ಳೆಯ ಪದ್ಧತಿ. ಸರಿಯಾಗಿ ಕೂಡದ ತಿರುಳು ಹೊರೆ ಬಿದ್ದಾಗ 100 ಹರ್ಟ್ಸ್‌ನಲ್ಲಿ ಗುಂಯ್‌ಗುಡುತ್ತದೆ. ಅನುಭವವುಳ್ಳ ಲೈನ್‌ಮನ್‌ಗಳಿಗೆ ಈ ಸದ್ದಿನಿಂದಲೇ ಸಡಿಲ ಗೊತ್ತಾಗುತ್ತದೆ.

ತಂತಿಯನ್ನು ನಡುವೆ ಹಿಡಿಯುವುದು

'ವಿ' ಆಕಾರದ ಒಂದೇ ತೋಡಿನಲ್ಲಿ ತಂತಿಯನ್ನು ಒತ್ತಿ ಹಿಡಿಯುವುದು ಎಲ್ಲಕ್ಕಿಂತ ಸುಲಭ. ಆದರೆ 90 ಡಿಗ್ರಿಯ ತೋಡಿನಲ್ಲಿ ತಂತಿಯ ನಡುಬಿಂದು ತೋಡಿನ ತಳದಿಂದ ತ್ರಿಜ್ಯದ 1.41 ಪಟ್ಟು ದೂರದಲ್ಲಿ ನಿಲ್ಲುತ್ತದೆ. ದಪ್ಪ ಬದಲಾದಂತೆ ನಡುಬಿಂದುವೂ ಸರಿಯುತ್ತದೆ. ಎದುರು ಬದುರಾದ ಎರಡು ತೋಡುಗಳು ಸಮನಾಗಿ ಹತ್ತಿರ ಬಂದರೆ ಮಾತ್ರ ಎಲ್ಲ ದಪ್ಪದ ತಂತಿಗಳೂ ಒಂದೇ ನಡುವಿನಲ್ಲಿ ನಿಲ್ಲುತ್ತವೆ. ಇದಕ್ಕೆ ಅರ್ಧ ಬಲಕ್ಕೂ ಅರ್ಧ ಎಡಕ್ಕೂ ಸುತ್ತಿದ ಮರೆ (ಥ್ರೆಡ್) ಇರುವ ಒಂದೇ ಸ್ಕ್ರೂ ಸಾಕು. ತಿರುಗಿಸಿದಾಗ ತೋಡುಗಳಿರುವ ಎರಡು ದವಡೆಗಳೂ ಸಮನಾಗಿ ಚಲಿಸುತ್ತವೆ. 4ರಿಂದ 20 ಮಿ.ಮೀ. ದಪ್ಪದ ತಂತಿಗಳನ್ನು ಹಿಡಿಯಲು ಒಂದೊಂದು ದವಡೆಯೂ ಸುಮಾರು 11.3 ಮಿ.ಮೀ. ಚಲಿಸಬೇಕು. ಸಣ್ಣ ತಂತಿಗೆ ದವಡೆಗಳು ಒಂದಕ್ಕೊಂದು ಡಿಕ್ಕಿ ಹೊಡೆಯದಂತೆ ಅವುಗಳಿಗೆ ಬಾಚಣಿಗೆಯ ಹಲ್ಲುಗಳನ್ನು ಕೊಟ್ಟು, ಒಂದರ ಸಂದಿಗೆ ಇನ್ನೊಂದು ಇಳಿಯುವಂತೆ ಮಾಡುತ್ತಾರೆ.

ಇಷ್ಟು ಚಂದದ ಯಂತ್ರ ಹೊಲದ ಸ್ಟಾರ್ಟರ್ ಪೆಟ್ಟಿಗೆಗೆ ಬೇಕಿಲ್ಲ. ಅಲ್ಲಿ ಎದುರಾಗುವುದು ಮೂರು ನಾಲ್ಕು ಅಳತೆಯ ತಂತಿಗಳಷ್ಟೇ. ಬೇರೆ ಬೇರೆ ರಂಧ್ರಗಳ ಸೀಳು ರಬ್ಬರ್ ಬುಷ್‌ಗಳನ್ನು ಕವಚದ ಜೊತೆ ಕೊಟ್ಟರೆ ತುಕ್ಕು ಹಿಡಿಯುವ ಸ್ಕ್ರೂ ಇಲ್ಲದೆಯೇ ಕೆಲಸ ಮುಗಿಯುತ್ತದೆ. ಕತ್ತಲಲ್ಲಿ ಕೈಜಾರಿ ಕಳೆದುಹೋಗದಂತೆ ಅವನ್ನು ಒಂದೇ ಪಟ್ಟಿಯಲ್ಲಿ ಪೋಣಿಸಿ ಕವಚಕ್ಕೆ ಕಟ್ಟಿರಬೇಕು. ಸ್ಕ್ರೂ ದವಡೆ ನಿಜವಾಗಿ ಉಪಯೋಗಕ್ಕೆ ಬರುವುದು ಒಂದೇ ಉಪಕರಣವನ್ನು ಊರೂರಿಗೆ ಒಯ್ದು ಪರೀಕ್ಷಿಸುವವರಿಗೆ.

ಸಬ್‌ಮರ್ಸಿಬಲ್ ಪಂಪಿನ ಕೇಬಲ್ ಚಪ್ಪಟೆ. ಒಂದೇ ಹೊದಿಕೆಯಲ್ಲಿ ಮೂರು ಎಳೆಗಳು ಪಕ್ಕಪಕ್ಕ ಇರುತ್ತವೆ. ಹೊಸಬರು ಇಡೀ ಕೇಬಲ್ಲನ್ನೇ ಸಿಟಿಯ ಬಾಯಿಗೆ ತೂರಿಸುವುದುಂಟು. ಮೂರು ಫೇಸ್‌ಗಳ ಪ್ರವಾಹ ಒಂದನ್ನೊಂದು ಕಳೆದು ಮೀಟರು ಸೊನ್ನೆ ತೋರಿಸುತ್ತದೆ. ಸೊನ್ನೆ ಬರದಿದ್ದರೆ ಅಷ್ಟು ಪ್ರವಾಹ ನೆಲಕ್ಕೆ ಸೋರುತ್ತಿದೆ ಎಂದರ್ಥ, ಭೂಸೋರಿಕೆ ರಕ್ಷಕಗಳು ನಡೆಯುವುದು ಈ ತತ್ತ್ವದಿಂದಲೇ. ಆಂಪಿಯರ್ ಬೇಕಾದರೆ ಎಳೆಗಳು ಬೇರೆಬೇರೆಯಾಗುವ ಸ್ಟಾರ್ಟರಿನ ಒಳಗೇ ಒಂದೊಂದು ಎಳೆಗೆ ಒಂದೊಂದು ಸಿಟಿ ತೊಡಿಸಬೇಕು. ಹಾಗಾಗಿ ಈ ಸೀಮೆಗೆ ಮಾಡುವ ಕವಚದ ಹೊರ ಅಳತೆಯನ್ನು ನಿರ್ಧರಿಸುವುದು ಸ್ಟಾರ್ಟರ್ ಪೆಟ್ಟಿಗೆಯಲ್ಲಿ ಉಳಿದ ಜಾಗ.

ಮಾರುಕಟ್ಟೆಯಲ್ಲಿ ಸುಲಭವಾಗಿ ಸಿಗುವ 13 ಮಿ.ಮೀ. ಬಾಯಿಯ ಸೀಳು ಸಿಟಿಯ ಸಾಮರ್ಥ್ಯ 100 ಆಂಪಿಯರ್. ಏಳೂವರೆ ಆಂಪಿಯರಿನ ಮೋಟರಿಗೆ ಅದು ತುಂಬ ದೊಡ್ಡದು. ತಂತಿಯನ್ನು ಬಾಯಿಯ ಮೂಲಕ ನಾಲ್ಕು ಸಲ ಹಾಯಿಸಿದರೆ ಸಿಟಿಗೆ 30 ಆಂಪಿಯರ್ ಕಾಣುತ್ತದೆ, ಅಂಕಿಯನ್ನು ನಾಲ್ಕರಿಂದ ಭಾಗಿಸಿದರಾಯಿತು. ಎಷ್ಟು ಸುತ್ತು ಎಂದು ಬರೆದಿಡಲು ಕವಚದ ಮೇಲೆ ಬಿಳಿ ಜಾಗವೊಂದು ಇರಲೇಬೇಕು. ಹಾಕಿದವರೇ ಮುಂದಿನ ಸಲ ಬಂದು ನೋಡುತ್ತಾರೆಂಬ ಭರವಸೆ ಇಲ್ಲ.

ವಸ್ತು, ಹವೆ

ಮೂರು ಆಯಾಮದ ಪ್ರಿಂಟರಿನಲ್ಲಿ ಮಾದರಿ ತೆಗೆಯುವವರು ಸಾಮಾನ್ಯವಾಗಿ ಬಳಸುವ ಪಿಎಲ್‌ಎ ಪ್ಲಾಸ್ಟಿಕ್ ಸುಮಾರು 60 ಡಿಗ್ರಿ ಸೆಲ್ಸಿಯಸ್‌ನಲ್ಲೇ ಮೆತ್ತಗಾಗುತ್ತದೆ. ಏಪ್ರಿಲ್ ಬಿಸಿಲಿಗೆ ಮೈಯೊಡ್ಡಿದ ತಗಡಿನ ಪೆಟ್ಟಿಗೆಯ ಒಳಗೆ ಅದನ್ನು ನಂಬುವಂತಿಲ್ಲ. ಚಿಲಕ ಬಾಗಿ, ಸ್ಪ್ರಿಂಗಿನ ಒತ್ತಡ ಇಳಿದು, ಎಡೆ ಬಿಚ್ಚಿಕೊಳ್ಳುತ್ತದೆ. ಪಿಇಟಿಜಿ 80 ಡಿಗ್ರಿಯ ತನಕ, ಎಬಿಎಸ್ ಮತ್ತು ಎಎಸ್‌ಎ 100ರ ಆಸುಪಾಸಿನ ತನಕ ತಾಳುತ್ತವೆ. ಬಿಸಿಲಿನ ಕಿರಣಕ್ಕೂ ಬಾಳಿಕೆ ಬರುವುದು ಎಎಸ್‌ಎ. ಹೆಚ್ಚು ಸಂಖ್ಯೆಯಲ್ಲಿ ಅಚ್ಚಿನಿಂದ ತೆಗೆಯುವುದಾದರೆ ಬೆಂಕಿ ಹಬ್ಬದ ಗುಣವುಳ್ಳ ಪಾಲಿಕಾರ್ಬೊನೇಟ್ ಅಥವಾ ಗಾಜಿನ ನಾರು ಬೆರೆಸಿದ ನೈಲಾನ್ ತಕ್ಕದ್ದು. ಅಚ್ಚಿನ ಕೆಲಸಕ್ಕೂ ಪ್ಲಾಸ್ಟಿಕ್ ತರಬೇತಿಗೂ ಮೈಸೂರಿನಲ್ಲೇ ಸರ್ಕಾರಿ ಟೂಲ್ ರೂಮ್ ಮತ್ತು ಸಿಪೆಟ್ ಇವೆ. ಸರ್ಕ್ಯೂಟ್ ಬೋರ್ಡುಗಳನ್ನು ತಯಾರಿಸುವ ಎಟಿ ಅಂಡ್ ಎಸ್ ಕಾರ್ಖಾನೆ ಇರುವುದು ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ. ಇಂಥ ಸಾಧನವನ್ನು ಹೊರಗಿನಿಂದ ತರಿಸಬೇಕಾದ ಕೊರತೆ ಈ ಜಿಲ್ಲೆಗೆ ಇಲ್ಲ.

ನೀರು ನುಗ್ಗದಂತೆ ತಂತಿಗಳ ದಾರಿ ಕವಚದ ಕೆಳಬದಿಯಲ್ಲಿರಬೇಕು, ತಂತಿ ಒಳಹೋಗುವ ಮೊದಲು ಕೆಳಕ್ಕೆ ಬಾಗಿ ಮೇಲೇರಬೇಕು. ಹೊಲದ ಪೆಟ್ಟಿಗೆಗೆ ದೂಳು, ಮಳೆ ತಡೆಯುವ ಐಪಿ 65 ದರ್ಜೆ ಸಾಕು. ನದಿದಡದ ಪಂಪ್‌ಸೆಟ್‌ಗಳ ಮಾತು ಬೇರೆ. 2019ರ ಆಗಸ್ಟ್‌ನಲ್ಲಿ ಕಪಿಲೆ ಉಕ್ಕಿ ಮೈಸೂರು–ನಂಜನಗೂಡು ರಸ್ತೆ ಮಲ್ಲನಮೂಲೆಯ ಬಳಿ ಮುಳುಗಿತ್ತು. ಅಂಥ ದಡದಲ್ಲಿ ಕಾಯಿಲ್ ಭಾಗವನ್ನು ಎಪಾಕ್ಸಿಯಲ್ಲಿ ಹುದುಗಿಸಿ, ಸ್ವಲ್ಪ ಹೊತ್ತು ಮುಳುಗಿದರೂ ಕೆಡದ ಐಪಿ 67 ದರ್ಜೆಗೆ ಏರಿಸಬೇಕು. ಇರುವೆಗಳೂ ಹಲ್ಲಿಗಳೂ ಬೆಚ್ಚಗಿನ ಪೆಟ್ಟಿಗೆಯನ್ನು ಹುಡುಕಿ ಬರುವುದರಿಂದ ಬಳಸದ ರಂಧ್ರ ಒಂದನ್ನೂ ತೆರೆದಿಡಬಾರದು.

ಟ್ರಾನ್ಸ್‌ಫಾರ್ಮರ್ ಕಂಬದಲ್ಲಿ

ಹಳ್ಳಿಗಳ 25, 63, 100 ಕೆವಿಎ ಟ್ರಾನ್ಸ್‌ಫಾರ್ಮರ್‌ಗಳು 433 ವೋಲ್ಟಿನ ಬದಿಯಲ್ಲಿ ಪೂರ್ಣ ಹೊರೆಗೆ ಕ್ರಮವಾಗಿ ಸುಮಾರು 33, 84, 133 ಆಂಪಿಯರ್ ಕೊಡುತ್ತವೆ. ದಪ್ಪ, ಬಾಗದ ಕೇಬಲ್‌ಗಳಿರುವ ಇಲ್ಲಿ ರೊಗೋವ್ಸ್ಕಿ ಕಾಯಿಲ್ ಅನುಕೂಲ; ಅದರ ಎರಡು ತುದಿ ಕೂಡುವ ಕೊಂಡಿಯ ಬಳಿ ಅಳತೆ ದುರ್ಬಲವಾದ್ದರಿಂದ ಕೇಬಲ್ಲು ಕೊಂಡಿಗೆ ಒರಗದಂತೆ ಕವಚ ದೂರ ಹಿಡಿಯಬೇಕು. ಕಾಯಿಲ್ ಬದಿಯಲ್ಲಿ 5 ಆಂಪಿಯರ್ ಕೊಡುವ ರೂಢಿಯ ಸಿಟಿ ಬಳಸಿದರೆ ಒಂದು ನಿಯಮ ಎಂದೂ ಮುರಿಯಬಾರದು. ಪ್ರವಾಹ ಹರಿಯುತ್ತಿರುವಾಗ ಕಾಯಿಲಿನ ತುದಿಗಳನ್ನು ಬಿಡಿಸಿದರೆ ಅಲ್ಲಿ ಪ್ರಾಣಾಪಾಯದ ವೋಲ್ಟೇಜ್ ಏಳುತ್ತದೆ. ತುದಿಗಳನ್ನು ಮೊದಲು ಶಾರ್ಟ್ ಮಾಡಿ ಆಮೇಲೆ ಮೀಟರ್ ಬಿಚ್ಚಬೇಕು. ಕವಚದಲ್ಲೇ ಶಾರ್ಟಿಂಗ್ ಕೊಂಡಿ ಇಟ್ಟು, ಅದನ್ನು ಹಾಕದೆ ಮುಚ್ಚಳ ತೆರೆಯದಂತೆ ಮಾಡುವುದು ವಿನ್ಯಾಸಗಾರನ ಹೊಣೆ. ಕಂಬದ ಕೆಲಸ ಸೆಸ್ಕ್ ಸಿಬ್ಬಂದಿಗೆ ಮಾತ್ರ ಸೇರಿದ್ದು.

ಲೆಕ್ಕಕ್ಕೆ ಬಳಸುವ ಕವಚದಲ್ಲಿ ಹೊಂದಿಸುವ ಭಾಗವೆಲ್ಲ ತಂತಿಯ ಸ್ಥಾನಕ್ಕೆ ಸಂಬಂಧಿಸಿರಬೇಕು. ಅಂಕಿಯನ್ನು ಏರಿಸಿ ಇಳಿಸುವ ತಿರುಪು ಹೊರಗೆ ಸಿಗಬಾರದು. ಹೊಂದಿಸಿದ ಮೇಲೆ ಬೀಗಿಸಿ ಸೀಲ್ ತಂತಿ ಹಾಯಿಸಲು ಚಿಲಕದಲ್ಲೂ ದವಡೆಯ ಸ್ಕ್ರೂವಿನಲ್ಲೂ ಸಣ್ಣ ರಂಧ್ರಗಳಿರಬೇಕು. ಸೀಲು ಹಾಕುವ ಮುನ್ನ ತಂತಿಯನ್ನು ಬಾಯಿಯ ನಾಲ್ಕೂ ಬದಿಗೆ ಸರಿಸಿ, ಕವಚವನ್ನು ಹಲವು ಸಲ ತೆಗೆದು ಮುಚ್ಚಿ, ಪ್ರತಿ ಸಲದ ಅಂಕಿಯನ್ನು ಪ್ರಮಾಣೀಕರಿಸಿದ ಟಂಗ್ ಟೆಸ್ಟರಿನ ಜೊತೆ ಹೋಲಿಸುತ್ತಾರೆ. ಒಂದು ಸಲ ಸರಿಯಾಗಿ ಅಳೆದು ಮತ್ತೊಂದು ಸಲ ಬೇರೆ ಅಂಕಿ ತೋರುವ ಕವಚಕ್ಕಿಂತ, ಪ್ರತಿ ಸಲವೂ ಶೇ. 2ರಷ್ಟು ಕಡಿಮೆಯನ್ನೇ ತೋರುವ ಕವಚ ಮೇಲು. ಎರಡನೆಯದನ್ನು ಮೀಟರಿನ ಗುಣಕದಲ್ಲಿ ತಿದ್ದಬಹುದು. ಮೊದಲನೆಯದರ ಮುಖಗಳನ್ನು ಮತ್ತೆ ಉಜ್ಜಿ ನಯಗೊಳಿಸಿ, ಸ್ಪ್ರಿಂಗ್ ಬದಲಾಯಿಸಿ, ಪರೀಕ್ಷೆಯನ್ನು ಮೊದಲಿನಿಂದ ಮಾಡಬೇಕಾಗುತ್ತದೆ.